ಹಳದಿಗೆ ಹಳದಿ, ಕೆಂಪಿಗೆ ಕೆಂಪು

ಮಾಡಿದ್ದೇನೋ ಒಳ್ಳೆಯ ಕೆಲಸವೇ. ಶೇಖವ್ವ ಇವತ್ತಿಗೂ ಹಾಗೆಯೇ ಹೇಳುತ್ತಾಳೆ. ಆದರೆ ಹೇಳುವ ಮೊದಲು ಸುತ್ತ ಒಮ್ಮೆ ನೋಡಿಕೊಳ್ಳುತ್ತಾಳೆ, ದನಿ ತಗ್ಗಿಸುತ್ತಾಳೆ, ಹೇಳಿ ಮುಗಿದ ಮೇಲೆ ಒಂದು ನಿಟ್ಟುಸಿರು ಬಿಡುತ್ತಾಳೆ. ಒಳ್ಳೆಯ ಕೆಲಸ ಮಾಡಿದವರು ಹೀಗೆ ನಿಟ್ಟುಸಿರು ಬಿಡುವುದನ್ನು ಯಾರೂ ಕಂಡಿಲ್ಲ.

ಆಕೆಗೆ ಇಬ್ಬರು ಗಂಡುಮಕ್ಕಳು. ಹಿರಿಯವನು ಮಾಲತೇಶ, ರಾಣೆಬೆನ್ನೂರಿನಲ್ಲಿ ಸೀರೆ ಅಂಗಡಿ ಇಟ್ಟವನು. ತಾಯಿ ಇರುವುದು ಅವನ ಮನೆಯಲ್ಲಿ. ಕಿರಿಯವನು ಪ್ರೇಮಕುಮಾರ, ಹಾವೇರಿಯಲ್ಲಿ ಸುಟ್ಟ ಪಂಪ್‌ಸೆಟ್ಟುಗಳಿಗೆ ತಂತಿ ಸುತ್ತಿ ಮರುಜನ್ಮ ಕೊಡುವವನು. ಇಬ್ಬರಿಗೂ ನಲವತ್ತು ದಾಟಿದೆ, ಇಬ್ಬರ ನೆತ್ತಿಯೂ ಮಿಂಚುತ್ತದೆ, ಇಬ್ಬರೂ ಒಂದೂವರೆ ವರ್ಷದಿಂದ ಮಾತು ಬಿಟ್ಟಿದ್ದರು.

ಬೇರೆ ಮನೆಗಳಲ್ಲಿ ಅಣ್ಣತಮ್ಮಂದಿರು ಹೊಲಕ್ಕೆ ಜಗಳಾಡುತ್ತಾರೆ, ಬಾವಿಗೆ ಜಗಳಾಡುತ್ತಾರೆ. ನಾಲ್ಕು ಜನರಿಗೆ ಹೇಳಿಕೊಳ್ಳಲು ಒಂದು ಘನತೆಯಾದರೂ ಇರುತ್ತದೆ. ಇವರು ಜಗಳಾಡಿದ್ದು ಬಣ್ಣದ ಬಲ್ಬಿನ ಸರಕ್ಕೆ. ಪ್ರೇಮಕುಮಾರನ ಹೊಸ ಮನೆಯ ಗೃಹಪ್ರವೇಶದಂದು "ಲೈಟಿನ ಸರ ನಾ ಹಾಕ್ತೇನಿ" ಎಂದು ಮಾಲತೇಶ ಪ್ರೀತಿಯಿಂದ ಏಣಿ ಹತ್ತಿದ. ಒಳಗೆ ಹಾಲು ಉಕ್ಕುವ ಹೊತ್ತಿಗೆ ಹೊರಗೆ ಢಬ್ ಎಂದು, ಇಡೀ ಓಣಿಯೇ ಕತ್ತಲಾಯಿತು. ಗುತ್ತಲದಿಂದ ಬಂದ ಬೀಗರೆಲ್ಲ ಕೂತಿದ್ದ ಪಂಕ್ತಿಯ ನಡುವೆ ನಿಂತು ಪ್ರೇಮಕುಮಾರ, "ನಮ್ಮಣ್ಣನ ಕೈಯಾಗ ಸೀರಿ ಕೊಡ್ರಿ, ವೈರು ಮಾತ್ರ ಕೊಡಬ್ಯಾಡ್ರಿ" ಅಂದ. ಬೀಗರು ನಕ್ಕರು. ಬೀಗರ ಹಿಂದೆ ಕೂತಿದ್ದ ಅಡಿಗೆಯವರೂ ನಕ್ಕರು. ಮಾಲತೇಶ ಉಣ್ಣದೆ ಎದ್ದು ಬಂದ.

ಆಮೇಲೆ ಹಬ್ಬಗಳು ಬಂದವು, ಹೋದವು. ಒಬ್ಬ ಬರುತ್ತಾನೆಂದರೆ ಇನ್ನೊಬ್ಬನಿಗೆ ಅಂದೇ ದಾವಣಗೆರೆಯಲ್ಲಿ ಕೆಲಸ. ಶೇಖವ್ವ ಎರಡೂ ಮನೆಗಳ ನಡುವೆ ಬಸ್ಸಿನಲ್ಲಿ ಓಡಾಡಿ ಸೋತಳು. ಆಕೆಗೆ ಬೇಕಾದದ್ದು ಇಷ್ಟೇ: ಇಬ್ಬರೂ ಒಂದು ಚಾಪೆಯ ಮೇಲೆ ಕೂತು ಮಾತಾಡುವುದನ್ನು ತಾನು ಬಾಗಿಲಲ್ಲಿ ಕೂತು ನೋಡಬೇಕು.

ಕೊನೆಗೆ ಸೊಸೆಯಂದಿರೇ, ಇಲ್ಲಿಂದ ಅರುಣಾ ಅಲ್ಲಿಂದ ಅಂಜಲಿ, ಫೋನಿನಲ್ಲಿ ಗುಟ್ಟಾಗಿ ಸಂಧಾನ ಮಾಡಿದರು. ಮುಂದಿನ ರವಿವಾರ ಪ್ರೇಮಕುಮಾರ ಊಟಕ್ಕೆ ಬರುವುದೆಂದು ಠರಾವಾಯಿತು. ಸುದ್ದಿ ಕೇಳಿದ ಮಾಲತೇಶ ನೇರ ಅಟ್ಟ ಹತ್ತಿದ.

ಇಳಿದು ಬರುವಾಗ ಕಂಕುಳಲ್ಲಿ ಎರಡು ಹಳೆಯ ಟಿವಿ ಗೇಮುಗಳಿದ್ದವು. ಹುಡುಗರಾಗಿದ್ದಾಗ ಅಣ್ಣತಮ್ಮಂದಿರಿಬ್ಬರೂ ಬ್ಯಾಡಗಿಯ ಮನೆಯಲ್ಲಿ ಊಟ ಬಿಟ್ಟು ಆಡಿದವು: ಒಂದು ಕ್ಯಾಸೆಟ್ಟು ಸಿಕ್ಕಿಸುವುದು, ಇನ್ನೊಂದು ಬಂದೂಕು ಹಿಡಿದು ಪರದೆಯ ಬಾತುಕೋಳಿ ಹೊಡೆಯುವುದು. ಗೆಳೆಯ ತೌಸಿಫ್‌ನ ಮನೆಯಿಂದ ಸಿ.ಡಿ.ಯ ತಟ್ಟೆ ತಿರುಗುವಂಥದ್ದು ಬಂತು. ಸೋದರಮಾವ ಮುಂಬಯಿಯಿಂದ ತಂದಿದ್ದ ಎಲ್ಲಕ್ಕಿಂತ ಹಳೆಯದು, ಎರಡು ಗೀಟುಗಳ ನಡುವೆ ಒಂದು ಚೆಂಡು ಪುಟಿಯುವುದು, ಟ್ರಂಕಿನಲ್ಲಿ ಸಿಕ್ಕಿತು. ಬಾತುಕೋಳಿಯ ಬಂದೂಕು ಈಗಿನ ತೆಳ್ಳನೆಯ ಟಿವಿಗೆ ಹೊಂದುವುದಿಲ್ಲವಂತೆ. ಅದಕ್ಕಾಗಿ ಮೂಲೆ ಸೇರಿದ್ದ ಹೊಟ್ಟೆ ಟಿವಿಯನ್ನು ತಂದು ಪಡಸಾಲೆಯಲ್ಲಿ ಪ್ರತಿಷ್ಠಾಪಿಸಿದ. ನಾಲ್ಕನ್ನೂ ಅದೊಂದೇ ಟಿವಿಗೆ ಜೋಡಿಸುತ್ತೇನೆ, ತಮ್ಮನ ಎದುರಿಗೆ ಗುಂಡಿ ಒತ್ತುತ್ತೇನೆ, ವೈರು ಯಾರ ಕೈಯಲ್ಲಿ ಕೊಡಬೇಕೆಂಬುದನ್ನು ಅವನೇ ನೋಡಲಿ: ಇದು ಸಂಕಲ್ಪ.

ಆರು ದಿನ ಆ ಮನೆಯಲ್ಲಿ ಮಹಾಯಜ್ಞ ನಡೆಯಿತು. ಅಂಗಡಿಯಿಂದ ಬಂದವನೇ ಮಾಲತೇಶ ಟಿವಿಯ ಬೆನ್ನ ಹಿಂದೆ ತಲೆ ತೂರಿಸುತ್ತಿದ್ದ. ಮನೆಯವರಿಗೆ ಅವನ ಅಂಗಾಲುಗಳಷ್ಟೇ ದರ್ಶನ ಕೊಡುತ್ತಿದ್ದವು.

"ಏನಪಾ ಅದು, ಇಷ್ಟೊಂದು ವೈರು?" ಎಂದು ಶೇಖವ್ವ ಒಂದು ದಿನ ಕೇಳಿದಳು.

"ನೋಡಬೇ ಯವ್ವಾ, ಟಿವಿ ಒಂದು, ಗೇಮು ನಾಕು. ಒಬ್ಬಾಕಿ ಅತ್ತಿಗೆ ನಾಕು ಮಂದಿ ಸೊಸ್ತೇರು ಇದ್ದಂಗ. ಒಬ್ಬಾಕಿ ಮಾತಾಡುಮುಂದ ಉಳಿದ ಮೂರು ಮಂದಿ ಬಾಯಿ ಮುಚ್ಕೊಂಡಿರಬೇಕು. ಅದನ್ನ ಈ ಡಬ್ಬಿ ನೋಡ್ಕೋತೈತಿ." ಅವನ ಕೈಯಲ್ಲಿ ನಾಲ್ಕು ಗುಂಡಿಗಳ ಒಂದು ಪೆಟ್ಟಿಗೆ ಇತ್ತು.

"ಅಂಥಾದ್ದೊಂದು ಡಬ್ಬಿ ಅತ್ತಿಗೂ ಸಿಗತೈತೇನು ಕೇಳ್ರಿ" ಎಂದಳು ಅರುಣಾ ಒಳಗಿನಿಂದ.

ಮಾಲತೇಶ ಅದನ್ನು ಕೇಳಿಸಿಕೊಳ್ಳಲಿಲ್ಲ. "ಹಳದಿ ತುದಿ ಚಿತ್ರ ತರತೈತಿ, ಕೆಂಪು, ಬಿಳಿ ದನಿ ತರತಾವು. ಹಳದಿಗೆ ಹಳದಿ, ಕೆಂಪಿಗೆ ಕೆಂಪು, ಬಿಳಿಗೆ ಬಿಳಿ. ಇಷ್ಟ ನೋಡಬೇ ವಿದ್ಯಾ. ಹಿಂದಮುಂದ ಆಗಬಾರದು."

ಶೇಖವ್ವ ಶಾಲೆಗೆ ಹೋದದ್ದು ಎರಡು ಮಳೆಗಾಲ. ಆದರೆ ಕಿವಿಗೆ ಬಿದ್ದ ಮಾತು ಆಕೆಯಲ್ಲಿ ಕಲ್ಲಿನಲ್ಲಿ ಕೊರೆದ ಹಾಗೆ ನಿಲ್ಲುತ್ತಿತ್ತು. ಹಳದಿಗೆ ಹಳದಿ, ಕೆಂಪಿಗೆ ಕೆಂಪು, ಬಿಳಿಗೆ ಬಿಳಿ. ನಿಂತಿತು.

ಇಲ್ಲಿ ಒಂದು ಮಾತು ಹೇಳಬೇಕು. ಶೇಖವ್ವನ ಕೈಗಳು ಮೂವತ್ತು ವರ್ಷ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಆರಿಸಿದ ಕೈಗಳು. ಗುಡ್ಡದಂತೆ ಸುರಿದ ರಾಶಿಯ ಮುಂದೆ ಕೂತು, ಕಡುಗೆಂಪಿನದು ಈ ಕಡೆ, ಬಣ್ಣ ಇಳಿದದ್ದು ಆ ಕಡೆ, ಬಿಳಿಚಿದ್ದು ಹಿಂದಕ್ಕೆ ಎಂದು ತೆಗೆದು ಹಾಕುತ್ತಿದ್ದರೆ, ಬಾಯಿ ತಂಗಿ ಫಕ್ಕೀರವ್ವನ ಜೊತೆ ಹರಟುತ್ತಿರುತ್ತಿತ್ತು, ಕೈಗಳು ತಮ್ಮ ಪಾಡಿಗೆ ದುಡಿಯುತ್ತಿದ್ದವು. ಆ ಕೈಗಳಿಗೆ ನಿವೃತ್ತಿಯಾಗಿತ್ತು. ಆದರೆ ಕಲಬೆರಕೆಯ ರಾಶಿ ಕಂಡರೆ ಸುಮ್ಮನಿರುವ ಅಭ್ಯಾಸ ಇನ್ನೂ ಆಗಿರಲಿಲ್ಲ.

ರವಿವಾರ ಬಂತು. ಮಾಲತೇಶ ಬೆಳಿಗ್ಗೆ ನಾಲ್ಕೂ ಗುಂಡಿ ಒತ್ತಿ ನೋಡಿದ. ಬಾತುಕೋಳಿ ಹಾರಿತು, ಚೆಂಡು ಪುಟಿಯಿತು, ತಟ್ಟೆ ತಿರುಗಿತು. ಎಲ್ಲ ಬಂದ್ ಮಾಡಿ, ಶಿಳ್ಳೆ ಹಾಕುತ್ತ (ಒಂದೂವರೆ ವರ್ಷದಲ್ಲಿ ಮೊದಲ ಶಿಳ್ಳೆ) ಮೊಸರು ತರಲು ಹೋದ. "ಅತ್ತಿ, ಪಡಸಾಲಿ ಒಂಚೂರು ಹಸನ ಮಾಡ್ತೀರೇನ್ರಿ? ನನ್ನ ಕೈ ಹಿಟ್ಟಾಗೈತಿ" ಎಂದಳು ಅರುಣಾ.

ಶೇಖವ್ವ ಟಿವಿಯ ಹಿಂದೆ ಇಣುಕಿದಳು. ಹಳದಿಯ ಪಕ್ಕ ಕೆಂಪು, ಕೆಂಪಿನ ಮೇಲೆ ಬಿಳಿ, ಎಲ್ಲ ಒಂದರ ಕುತ್ತಿಗೆ ಒಂದು ಹಿಡಿದುಕೊಂಡು ಹಾವಿನ ಹುತ್ತದ ಹಾಗೆ! ಪಾಪ, ಮಗನಿಗೆ ವಿದ್ಯೆ ಗೊತ್ತು, ಮಾಡಲು ಹೊತ್ತು ಸಾಲಲಿಲ್ಲ ಎಂದುಕೊಂಡಳು. ತಮ್ಮ ಬಂದು ನೋಡಿದರೆ ಮತ್ತೆ ನಗುತ್ತಾನೆ. ಬ್ಯಾಡ.

ಕೂತಳು. ಒಂದೊಂದೇ ಕಿತ್ತಳು. ಮೂರು ಮೂರು ವೈರುಗಳು ಬೆನ್ನಿಗೆ ಬೆನ್ನು ಅಂಟಿಕೊಂಡಿದ್ದವು. ಅವನ್ನೂ ತಾಳ್ಮೆಯಿಂದ, ಬಾಳೆಯ ನಾರು ಸೀಳುವ ಹಾಗೆ ಸೀಳಿ ಬೇರೆ ಮಾಡಿದಳು. ಒಂದೆರಡರ ಬಾಯಿಯೂ ಮುರಿಯಿತು. ಅವನ್ನು ಹಿಂದಕ್ಕೆ ಹಾಕಿದಳು. ಅರ್ಧ ತಾಸಿನಲ್ಲಿ ಹಳದಿಯದೊಂದು ಸಿವುಡು, ಕೆಂಪಿನದೊಂದು ಸಿವುಡು, ಬಿಳಿಯದೊಂದು ಸಿವುಡು, ನೂಲಿನಿಂದ ಬಿಗಿದು ಟಿವಿಯ ತಲೆಯ ಮೇಲೆ ಸಾಲಾಗಿ ಇಟ್ಟಳು. ಮೇಲೆ ಒಂದು ಕಸೂತಿಯ ವಸ್ತ್ರವನ್ನೂ ಹೊದಿಸಿದಳು.

ಪ್ರೇಮಕುಮಾರ ಬಂದ. "ಕುಂದ್ರು" ಎಂದ ಮಾಲತೇಶ, ಗೋಡೆಯನ್ನು ನೋಡುತ್ತ. "ಹೂಂ" ಎಂದ ಪ್ರೇಮಕುಮಾರ, ಕಿಟಕಿಯನ್ನು ನೋಡುತ್ತ. ಶೇಖವ್ವ ಮಿರ್ಚಿ ಬಜಿಯ ತಟ್ಟೆ ಹಿಡಿದು ಅಡಿಗೆಮನೆಯ ಬಾಗಿಲಲ್ಲೇ ನಿಂತಳು.

ಮಾಲತೇಶ ಗಂಟಲು ಸರಿಮಾಡಿಕೊಂಡು ಒಂದನೆಯ ಗುಂಡಿ ಒತ್ತಿದ. ಟಿವಿ ಸುಮ್ಮನಿತ್ತು. ಎರಡನೆಯದು ಒತ್ತಿದ. ಮೂರನೆಯದು. ಟಿವಿ ಬರೀ ಬೂದಿ ಬಣ್ಣದಲ್ಲಿ ಸುಯ್ಯೆಂದಿತು. ಪ್ರೇಮಕುಮಾರನ ತುಟಿಯ ಅಂಚು ಮೇಲೇರಿತು.

"ವೈರಿಂಗ್ ಯಾರು ಮಾಡ್ಯಾರ?" ಎಂದು ಕೇಳಿದ, ಗೊತ್ತಿಲ್ಲದವನಂತೆ.

ಮಾಲತೇಶನ ಕಿವಿಗಳು ಕೆಂಪಾದವು. ಆಗ ಶೇಖವ್ವನಿಗೆ ಹೊಳೆಯಿತು, ತಾನು ಹಸನು ಮಾಡಿದ್ದು ಕಸವನ್ನಲ್ಲ ಎಂದು. ಆಗಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಆ ಹತ್ತು ಉಸಿರಿನಷ್ಟು ಹೊತ್ತು ತಾನು ಸುಮ್ಮನಿದ್ದುದನ್ನು ನೆನೆದರೆ ಆಕೆಗೆ ಇಂದಿಗೂ ನಾಚಿಕೆಯಾಗುತ್ತದೆ. ಪ್ರೇಮಕುಮಾರ, "ಇರಲಿ ಬಿಡ್ರಿ, ಅಂಗಡ್ಯಾಗ ಮೋಟರ್ ಬಿಚ್ಚಿಟ್ಟ ಬಂದೇನಿ" ಎಂದು ಎದ್ದು ಚಪ್ಪಲಿಗೆ ಕಾಲು ತೂರಿಸಿದ. ಸ್ವಂತ ಅಣ್ಣನಿಗೆ "ಬಿಡ್ರಿ"!

"ನಾನಪಾ! ನಾನ ಮಾಡೇನಿ!" ಶೇಖವ್ವ ತಟ್ಟೆಯ ಸಮೇತ ಬಾಗಿಲಿಗೆ ಅಡ್ಡ ನಿಂತಳು. ಟಿವಿಯ ಮೇಲಿನ ವಸ್ತ್ರ ಎಳೆದಳು. ಮೂರು ಸಿವುಡುಗಳು ಸಾಲಾಗಿ ಮಲಗಿದ್ದವು. "ಅಂವ ಎಲ್ಲಾ ಸರಿ ಜೋಡ್ಸಿದ್ದ. ನಾ ಆರಿಸಿ ಇಟ್ಟೆ."

ಅಣ್ಣತಮ್ಮಂದಿರು ಸಿವುಡುಗಳನ್ನು ನೋಡಿದರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿದರು.

"ಅವ್ವ ಹಸನ ಮಾಡಿಟ್ಟ ನನ್ನ ನಟ್ಟು ಬೋಲ್ಟು ನೆನಪೈತೇನು?" ಎಂದ ಪ್ರೇಮಕುಮಾರ ಮೆಲ್ಲಗೆ.

"ದುಂಡಂದೆಲ್ಲಾ ಒಂದ ಡಬ್ಬಿ, ಉದ್ದಂದೆಲ್ಲಾ ಒಂದ ಡಬ್ಬಿ!"

"ಒಂದ ನಟ್ಟಿಗೂ ಅದರ ಬೋಲ್ಟು ಸಿಗಲಿಲ್ಲ, ಆರು ತಿಂಗಳಾ!"

"ಲೇ, ಅದೇನು? ನನ್ನ ಲಗ್ನಪತ್ರಿಕಿ ಊರೂರ ಪ್ರಕಾರ ಗಂಟು ಕಟ್ಟಿಟ್ಟಿದ್ದೆ. ಈಕಿ ಬಿಚ್ಚಿ ಹಳದಿ ಲಕೋಟಿ ಒಂದ ಕಡೆ, ಗುಲಾಬಿ ಒಂದ ಕಡೆ! ಕುಪ್ಪೇಲೂರಿನ ಪತ್ರಿಕಿ ಮೇಡ್ಲೇರಿಗೆ ಹೋದವು. ಗುರುತಿಲ್ಲದ ಮಂದಿ ಬಂದು ಉಂಡು ಹೋದ್ರು!"

ಚಪ್ಪಲಿ ಕಳಚಿತು. ಚಾಪೆ ಬಿತ್ತು. ಇಬ್ಬರೂ ತೊಡೆ ತಟ್ಟಿ ನಕ್ಕರು, ಕಣ್ಣೀರು ಬರುವ ತನಕ. ಶೇಖವ್ವನ ಜೀವನದ ಅಷ್ಟೂ ಅಪರಾಧಗಳು ಇಸವಿಯ ಸಮೇತ ಹೊರಬಂದವು. ತಾನು ಯಾವುದನ್ನು ಕೇಳಬೇಕೆಂದು ಒಂದೂವರೆ ವರ್ಷ ಕಾದಿದ್ದಳೋ ಆ ಮಾತುಕತೆ ಕಣ್ಣ ಮುಂದೆಯೇ ನಡೆಯುತ್ತಿತ್ತು. ಬಜಿ ಮಾತ್ರ ಆಕೆಯ ಕೈಯಲ್ಲಿ ತಣ್ಣಗಾಗುತ್ತಿತ್ತು. "ಅತ್ತಿ, ಒಳಗ ಬರ್ರಿ" ಎಂದು ಅರುಣಾ ಕರೆದದ್ದು ಮರುಕದಿಂದಲೋ ನಗು ತಡೆಯಲಾರದೆಯೋ, ತಿಳಿಯಲಿಲ್ಲ.

ಸಂಜೆಯವರೆಗೆ ವೈರು ಕೂಡಿಸಿದರೂ ಒಂದು ಗೇಮೂ ಏಳಲಿಲ್ಲ. ಹೋಗುವಾಗ ಪ್ರೇಮಕುಮಾರ, "ಮುಂದಿನ ಐತವಾರ ಬೆಸುಗೆ ಹಾಕೂ ಸಾಮಾನು ತರ್ತೇನಿ" ಎಂದ. ಮತ್ತೆ ದನಿ ಇಳಿಸಿ (ಇಳಿಸಿದ್ದು ಶೇಖವ್ವನಿಗೆ ಕೇಳುವಷ್ಟೇ), "ಅವ್ವನ್ನ ಆವತ್ತ ಏನ್ ಮಾಡೂದು?"

"ಬ್ಯಾಡಗಿ ಚಿಕ್ಕವ್ವನ ಮನಿಗೆ ಕಳಸೂನು" ಎಂದ ಮಾಲತೇಶ ತಟ್ಟನೆ. ಮಕ್ಕಳು ಇಷ್ಟು ಬೇಗ ಒಂದು ಮಾತಿಗೆ ಬಂದದ್ದು ಆಕೆ ಕಂಡಿರಲಿಲ್ಲ.

ಮುಂದಿನ ರವಿವಾರ ಶೇಖವ್ವ ಬ್ಯಾಡಗಿಯ ಬಸ್ಸಿನಲ್ಲಿದ್ದಳು. ಹೆದ್ದಾರಿಯಲ್ಲಿ ಪ್ರೇಮಕುಮಾರನ ಬೈಕು ಎದುರಿನಿಂದ ಬಂದು ರಾಣೆಬೆನ್ನೂರಿನ ಕಡೆ ಹೋಯಿತು. ಕೈ ಎತ್ತಿದಳು. ಹೆಲ್ಮೆಟ್ಟು ಹಾಕಿಕೊಂಡವನಿಗೆ ಕಾಣಲಿಲ್ಲ.

ಮಧ್ಯಾಹ್ನ ಫಕ್ಕೀರವ್ವನ ಕಟ್ಟೆಯ ಮೇಲೆ ಕೂತು ಸೊಸೆಗೆ ಫೋನು ಹಚ್ಚಿದಳು. "ನಾಕೂ ಚಾಲೂ ಆಗ್ಯಾವ್ರಿ ಅತ್ತಿ. ಉಂಡಿಲ್ಲ, ಇಬ್ರೂ ಅದಕ್ಕ ಜೋತ್ಬಿದ್ದಾರ" ಎಂದಳು ಅರುಣಾ.

"ನೀ ಏನೂ ಮಾತಾಡಬ್ಯಾಡವಾ. ಫೋನು ಅಲ್ಲೇ ಟಿವಿ ಬಾಜೂಕ ಇಡು."

ಟುಂಯ್ ಟುಂಯ್ ಎಂಬ ಸಪ್ಪಳ ಬಂತು. ಅದರ ನಡುವೆ ಇಬ್ಬರು ಬಕ್ಕತಲೆಯ ಗಂಡಸರು ಹುಡುಗರಂತೆ ಕೂಗಾಡುತ್ತಿದ್ದರು. "ಮೋಸ ಲೇ, ಮೋಸ!" "ನಿನ್ನ ಕೈ ನಡಗತೈತಿ, ನಾ ಏನ್ ಮಾಡ್ಲಿ!" ಶೇಖವ್ವ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು.

"ಏನ್ ಕೇಳಾಕತ್ತೀಯಕ್ಕಾ?" ಎಂದಳು ಫಕ್ಕೀರವ್ವ.

"ತಡಿ, ಮಾತಾಡಾಕತ್ತಾರ."

ಆಗ ಮಾಲತೇಶನ ದನಿ: "ಅರುಣಾ, ಅವ್ವ ಎಷ್ಟರ ಬಸ್ಸಿಗೆ ಬರ್ತಾಳಂತ?"

"ಐದರದಕ್ಕ ಅಂದಿದ್ರು."

"ಏಳರದಕ್ಕ ಬಾ ಅನ್ನು."

"ಏಳು ಯಾಕಣ್ಣಾ?" ಎಂದ ಪ್ರೇಮಕುಮಾರ, ಪ್ರೀತಿ ತುಂಬಿದ ದನಿಯಲ್ಲಿ. "ಇವತ್ತೊಂದಿನ ಅಲ್ಲೇ ಇರಲಿ ಬಿಡು."

ಶೇಖವ್ವ ಫೋನು ಇಟ್ಟು, ಸೆರಗು ಸರಿಮಾಡಿಕೊಂಡು ಹೇಳಿದಳು: "ಫಕ್ಕೀರಿ, ಐದರ ಬಸ್ಸು ಇವತ್ತ ಇಲ್ಲಂತ. ಅನ್ನಕ್ಕ ಒಂದ ಮುಷ್ಟಿ ಹೆಚ್ಚಿಗಿ ಹಾಕು."