ಜೋಡುನಳಿಗೆ ಕೋವಿಗೆ ಕೊಸರು ಕೇಳಿದ್ದು

ನನಗೆ ಅನುಮಾನ ಸ್ವಲ್ಪ ಜಾಸ್ತಿ ಎಂದು ನನ್ನ ಗಂಡ ಪೂವಯ್ಯ ಹೇಳುತ್ತಾನೆ. ಅವನು ಯಾಕೆ ಹಾಗೆ ಹೇಳುತ್ತಾನೆ ಎಂಬ ಬಗ್ಗೆಯೂ ನನಗೆ ಅನುಮಾನವಿದೆ. ಎಳನೀರಿನವನು ತಾನಾಗಿಯೇ ಒಂದು ಕಾಯನ್ನು ಪಕ್ಕಕ್ಕಿಟ್ಟು "ಇದು ಬಲಿತಿದೆ, ಬೇಡಮ್ಮ" ಅಂದರೆ, ಅದನ್ನೇ ಕೊಡು ಎಂದು ಹಟ ಹಿಡಿಯುವವರ ಪೈಕಿ ನಾನು. ಮೈಸೂರು ಬಿಟ್ಟು ಅಮೆರಿಕದ ಯೂನಿಯನ್ ಸಿಟಿಗೆ ಬಂದು ಹದಿನೆಂಟು ವರ್ಷವಾದರೂ ಗ್ರೋಸರಿಯಲ್ಲಿ ಹಾಲಿನ ಡಬ್ಬವನ್ನು ಕಪಾಟಿನ ಕೊನೆಯ ಸಾಲಿಗೆ ಕೈ ಹಾಕಿಯೇ ಎಳೆಯುತ್ತೇನೆ. ಕೆಲಸ ಮಾಡುವುದು ಔಷಧದ ಅಂಗಡಿಯಲ್ಲಿ. ಒಬ್ಬರು ಎಣಿಸಿದ ಮಾತ್ರೆಯನ್ನು ಇನ್ನೊಮ್ಮೆ ಎಣಿಸುವುದು ನನ್ನ ಪಾಲಿನ ಕೆಲಸ. ಅಲ್ಲಿ ನನ್ನ ಅನುಮಾನಕ್ಕೆ ಸಂಬಳ ಕೊಡುತ್ತಾರೆ, ಮನೆಯಲ್ಲಿ ಬಿಟ್ಟಿಯಾಗಿ ಕೊಡುತ್ತೇನೆ.

ಇಂಥ ನಾನು ಹೋಗಿ ಹೋಗಿ ಒಂದು ಸೆಕೆಂಡ್‌ ಹ್ಯಾಂಡ್ ಕೋವಿ ಕೊಂಡೆ. ಕಾರಣ ಬೋಜಮ್ಮ ಆಂಟಿ. ನಾವು ಕೊಡಗಿನವರು. ಸೆಪ್ಟೆಂಬರ್ ಮೊದಲ ವಾರ ನಮಗೆ ಕೈಲ್‌ಪೊಳ್ದ್ ಹಬ್ಬ, ಕೋವಿಗೆ ಹೂವಿಟ್ಟು ಕೈಮುಗಿಯುವ ದಿನ. ಬೇ ಏರಿಯಾದಲ್ಲಿರುವ ಕೊಡವರೆಲ್ಲ ಅದರ ಹತ್ತಿರದ ಶನಿವಾರ ಒಂದು ಪಾರ್ಕಿನಲ್ಲಿ ಸೇರುತ್ತೇವೆ. ಪಾರ್ಕಿಗೆ ಕೋವಿ ತರುವ ಹಾಗಿಲ್ಲವಾದ್ದರಿಂದ ಲ್ಯಾಮಿನೇಟ್ ಮಾಡಿಸಿದ ಕೋವಿಯ ಫೋಟೋಕ್ಕೆ ಹೂವಿಡುತ್ತೇವೆ. ಆಮೇಲೆ ಮನೆಗೊಂದು ಅಡುಗೆಯಂತೆ ತಂದದ್ದನ್ನು ಹಂಚಿಕೊಂಡು ಊಟ. ಹೋದ ವರ್ಷ ಆ ಫೋಟೋದ ಮುಂದೆ ನಿಂತು ನಮ್ಮ ಗುಂಪಿಗೆಲ್ಲ ಹಿರಿಯರಾದ ಬೋಜಮ್ಮ ಆಂಟಿ, ತೀರಿಹೋದ ತಮ್ಮ ಯಜಮಾನರ ಬೇಟೆಯ ಕಥೆ ಹೇಳುತ್ತ, ಈಗಿನ ಹುಡುಗಿಯರಿಗೆ ಕೋವಿಯ ಬಾಯಿ ಯಾವ ಕಡೆಗಿರುತ್ತದೆ ಎಂದೇ ಗೊತ್ತಿಲ್ಲ ಅಂದರು. ಅನ್ನುವಾಗ ನನ್ನ ಕಡೆ ನೋಡಿದರು. ನನಗೆ ಉರಿದುಹೋಯಿತು. ಮುಂದಿನ ವರ್ಷ ನನ್ನ ಕೈಯಾರೆ ಹೊಡೆದ ಹಕ್ಕಿಯ ಸಾರು ತರುತ್ತೇನೆ ಎಂದು ಇಪ್ಪತ್ತು ಮನೆಯವರ ಎದುರು ಹೇಳಿಬಿಟ್ಟೆ. ಹುಟ್ಟಿದಾಗಿನಿಂದ ನಾನು ಗುಂಡು ಹಾರಿಸಿದ್ದು ಒಂದೇ ಸಲ, ಅದೂ ಹನ್ನೊಂದನೇ ವಯಸ್ಸಿನಲ್ಲಿ, ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ. ಕೋವಿ ಹಿಡಿದದ್ದು ಮಾವ, ಗುರಿಯಿಟ್ಟದ್ದು ಮಾವ. ಕಾಯಿಗೆ ಏನೂ ಆಗಲಿಲ್ಲ.

ಬೇಟೆಯ ಪಾಠ ಕಲಿತು, ಪರೀಕ್ಷೆ ಬರೆದು, ಲೈಸೆನ್ಸ್ ಪಡೆದದ್ದಾಯಿತು. ಹೊಸ ಕೋವಿ ನಮ್ಮ ಕೈಗೆಟುಕುವಂತಿರಲಿಲ್ಲ. ಲಿವರ್‌ಮೋರ್ ಆಚೆ ವಾಲ್ಟರ್ ಎಂಬ ಮುದುಕರ ಹತ್ತಿರ ಒಂದು ಹಳೆಯ ಜೋಡುನಳಿಗೆ ಕೋವಿ ಅಗ್ಗಕ್ಕೆ ಇದೆಯೆಂದು ತಿಳಿದು ಪೂವಯ್ಯನನ್ನು ಎಳೆದುಕೊಂಡು ಹೋದೆ. ವಾಲ್ಟರ್ ಕೋವಿಯನ್ನು ಕೈಗೆ ಕೊಡುವ ಮೊದಲೇ ಅದರ ದೋಷಗಳನ್ನು ಹೇಳತೊಡಗಿದರು. ಮರದ ಹಿಡಿಯಲ್ಲಿ ಬಿರುಕಿದೆ, ತಾವೇ ಅಂಟಿಸಿದ್ದಾರೆ. ಬಲ ನಳಿಗೆಯ ಮೇಲೊಂದು ಸಣ್ಣ ತಗ್ಗಿದೆ. ಬಣ್ಣ ಹೋಗಿದೆ. ತನ್ನ ಮಾಲಿನ ಹುಳುಕನ್ನು ತಾನೇ ಹೇಳುವ ಅಂಗಡಿಯವನನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಇಷ್ಟು ಹೇಳುತ್ತಿದ್ದಾರೆಂದರೆ ಹೇಳದೆ ಉಳಿಸಿಕೊಂಡದ್ದು ಇನ್ನೆಷ್ಟಿರಬೇಕು? ನಳಿಗೆಗಳನ್ನು ಬಿಚ್ಚಿಸಿ, ದಾರದಲ್ಲಿ ತೂಗುಹಾಕಿಸಿ, ಅಜ್ಜಿ ಹಂಡೆ ಕೊಳ್ಳುವಾಗ ಮಾಡುತ್ತಿದ್ದಂತೆ ಬೆರಳ ಗೆಣ್ಣಿನಿಂದ ಬಡಿದು ನೋಡಿದೆ. ಟಣ್ಣೆಂದು ಚೆನ್ನಾಗಿಯೇ ಮೊಳಗಿತು. ಅಷ್ಟು ಚೆನ್ನಾಗಿ ಮೊಳಗಿದ್ದೂ ನನಗೆ ಸರಿಬರಲಿಲ್ಲ.

ಆಮೇಲೆ ವಾಲ್ಟರ್ ಚೋಕಿನ ವಿಷಯ ಹೇಳಿದರು. ಹಕ್ಕಿ ಹೊಡೆಯುವ ಕೋವಿಯಿಂದ ಒಂದೇ ಗುಂಡಲ್ಲ, ಸಾಸಿವೆಗಿಂತ ತುಸು ದಪ್ಪನೆಯ ನೂರಾರು ಗುಂಡುಗಳು ಹಾರುತ್ತವೆ. ನಳಿಗೆಯ ತುದಿ ಒಳಗಿನಿಂದ ಕಿರಿದಾಗಿದ್ದರೆ ಅವು ಒತ್ತಾಗಿ ದೂರ ಹೋಗುತ್ತವೆ, ಅಗಲವಾಗಿದ್ದರೆ ಹತ್ತಿರದಲ್ಲೇ ಚದುರುತ್ತವೆ. ಗಿಡಕ್ಕೆ ನೀರು ಬಿಡುವಾಗ ಪೈಪಿನ ಬಾಯನ್ನು ಬೆರಳಿನಿಂದ ಒತ್ತಿದಂತೆ ಎಂದುಕೊಳ್ಳಿ. ಈ ಕಿರಿದು ಮಾಡುವುದೇ ಚೋಕು. ಬಲ ನಳಿಗೆ ಹತ್ತಿರದ ಹಕ್ಕಿಗೆ ಸರಿಯಾಗಿದೆ, ಎಡದ್ದು ತೀರಾ ಬಿಗಿ. ಕ್ಯಾಲಿಫೋರ್ನಿಯಾದಲ್ಲಿ ಬೇಟೆಗೆ ಸೀಸದ ಗುಂಡು ಬಳಸುವಂತಿಲ್ಲ, ಉಕ್ಕಿನ ಗುಂಡು ಇಷ್ಟು ಬಿಗಿಯಾದ ಬಾಯಲ್ಲಿ ನುಗ್ಗಿದರೆ ಹಳೆಯ ನಳಿಗೆ ಉಬ್ಬಿಹೋಗಬಹುದು. ಆದ್ದರಿಂದ ಎಡದ್ದನ್ನು ಮಾತ್ರ ಒಂದು ಕೂದಲೆಳೆಯಷ್ಟು ಕೊರೆಸಿ, ತಮಗೆ ಗೊತ್ತಿರುವ ಒಬ್ಬ ಕೆಲಸಗಾರನಿದ್ದಾನೆ ಎಂದು ಚೀಟಿಯಲ್ಲಿ ನಂಬರು ಬರೆದುಕೊಟ್ಟರು. ಜೊತೆಗೆ ಸೀಸನ್ನಿನ ಮೊದಲ ದಿನ ತಮ್ಮನ ಸೂರ್ಯಕಾಂತಿ ಹೊಲಕ್ಕೆ ಬನ್ನಿ ಎಂದೂ ಕರೆದರು. ನನಗೆ ಎಲ್ಲ ತಿಳಿದುಹೋಯಿತು. ಮೆಜೆಸ್ಟಿಕ್ಕಿನಲ್ಲಿ ಇಳಿದವರನ್ನು ಆಟೋದವರು ತಮಗೆ ಗೊತ್ತಿರುವ ಸೀರೆ ಅಂಗಡಿಗೇ ಯಾಕೆ ಕರೆದೊಯ್ಯುತ್ತಾರೆ ಎಂಬುದು ನನಗೆ ಹೊಸದಲ್ಲ.

ಕೋವಿ ಕೈಗೆ ಬರಲು ಲೈಸೆನ್ಸ್ ಇರುವ ಅಂಗಡಿಯ ಮೂಲಕ ಕಾಗದಪತ್ರ ಮಾಡಿ ಹತ್ತು ದಿನ ಕಾಯಬೇಕಾಯಿತು. ಆ ಹತ್ತು ದಿನ ಸರ್ಕಾರ ನನ್ನ ಜಾತಕ ಜಾಲಾಡಿತು. ನನಗಿಂತ ಹೆಚ್ಚು ಅನುಮಾನದವರೂ ಇದ್ದಾರಲ್ಲ ಎಂದು ಮೊದಲ ಬಾರಿಗೆ ಈ ದೇಶ ನನ್ನದೆನಿಸಿತು.

ವಾಲ್ಟರ್ ಹೇಳಿದವನನ್ನು ಬಿಟ್ಟು, ಸ್ಯಾನ್ ಹೊಸೆಯಲ್ಲಿ ನಾನೇ ಹುಡುಕಿದ ಇನ್ನೊಬ್ಬನ ಹತ್ತಿರ, ಪೂವಯ್ಯನನ್ನೂ ಕರೆದುಕೊಂಡು, ಕೋವಿ ಒಯ್ದೆ. ಬಿಟ್ಟುಹೋಗಿ, ಶುಕ್ರವಾರ ಬನ್ನಿ ಅಂದ. ಬಿಟ್ಟುಹೋಗುವುದೇ? ನಮ್ಮಮ್ಮ ಬಳೆ ಕರಗಿಸಲು ಕೊಟ್ಟಾಗ ಅಕ್ಕಸಾಲಿಗನ ಎದುರು ಕುಕ್ಕರುಗಾಲಿನಲ್ಲಿ ಕೂತು, ಕಣ್ಣು ಮಿಟುಕಿಸದೆ ಕುಲುಮೆ ನೋಡುತ್ತಿದ್ದವರು. ನಾನೂ ಒಂದು ಸ್ಟೂಲು ಎಳೆದುಕೊಂಡು ಅವನ ಎದುರೇ ಕೂತೆ. ಅವನು ಎಡ ನಳಿಗೆಯನ್ನು ಸ್ವಲ್ಪ ಕೊರೆದು, ಅಳೆದು, ಆಯಿತು ಅಂದ. ಇಷ್ಟು ಬೇಗ ಆಯಿತೇ? ಕೊರೆದು ಬಂದ ಲೋಹದ ಪುಡಿ ನೋಡಿದರೆ ಒಂದು ಚಿಟಿಕೆಯೂ ಇಲ್ಲ. ಇನ್ನೂ ಸ್ವಲ್ಪ ಅಂದೆ. ಇಷ್ಟೇ ಸಾಕು ಎಂದ. ಸೊಪ್ಪಿನವಳು ಕಟ್ಟು ಕೊಟ್ಟ ಮೇಲೆ ಇನ್ನೊಂದೆರಡು ಎಸಳು ಕೊಸರು ಇಡದೆ ಹೋದರೆ ಯಾವ ಗೃಹಿಣಿ ಚೀಲ ಎತ್ತುತ್ತಾಳೆ? ಮತ್ತೆ ಕೊರೆಸಿದೆ. ಕೊನೆಗೆ, ಇಷ್ಟು ಹೊತ್ತು ಕೂತದ್ದಕ್ಕೆ ಬಲ ನಳಿಗೆಗೂ ಒಂದು ಕೈ ಆಡಿಸಿಬಿಡಿ ಅಂದೆ. ಅವನು ನನ್ನನ್ನು ಒಮ್ಮೆ, ಪೂವಯ್ಯನನ್ನು ಒಮ್ಮೆ ನೋಡಿ, ಕೋವಿ ನಿಮ್ಮದು ಎಂದು ಹೇಳಿ ಕೊರೆದ. ಹೊರಡುವಾಗ ಕೊರೆದ ಪುಡಿಯನ್ನು ಪೊಟ್ಟಣ ಕಟ್ಟಿಸಿಕೊಂಡೆ.

ಸೆಪ್ಟೆಂಬರ್ ಒಂದನೇ ತಾರೀಖು ಬೆಳಿಗ್ಗೆ ಸೂರ್ಯಕಾಂತಿ ಹೊಲದ ಅಂಚಿನಲ್ಲಿ ನಾನು, ವಾಲ್ಟರ್, ಅವರ ತಮ್ಮ ನಿಂತೆವು. ಪೂವಯ್ಯ ಹಿಂದೆ ಫ್ಲಾಸ್ಕ್ ಹಿಡಿದು ನಿಂತ. ನಮ್ಮೂರ ಕಡೆ ಬೆಳವ ಎನ್ನುವ ಕಾಡುಪಾರಿವಾಳದಂಥ ಹಕ್ಕಿಗಳು ಗುಂಪಾಗಿ ಬಂದವು. ನಾನು ಹೊಡೆದೆ. ಹಕ್ಕಿಗಳು ಹೋದವು. ಮತ್ತೆ ಬಂದವು, ಮತ್ತೆ ಎರಡೂ ನಳಿಗೆ ಹಾರಿಸಿದೆ. ಮದುವೆ ಮನೆಯಲ್ಲಿ ಅಕ್ಷತೆ ಹಾಕಿದಂತೆ ನನ್ನ ಗುಂಡುಗಳು ಆಕಾಶದ ತುಂಬ ಚೆಲ್ಲಿರಬೇಕು, ಹಕ್ಕಿಗಳು ಆಶೀರ್ವಾದ ಪಡೆದುಕೊಂಡು ಹೊರಟುಹೋದವು. ಒಂದು ಡಬ್ಬ ತೋಟಾ ಮುಗಿಯಿತು. ಶನಿವಾರದ ಪಾರ್ಕು, ಇಪ್ಪತ್ತು ಮನೆಯವರು, ಖಾಲಿ ಪಾತ್ರೆ, ಬೋಜಮ್ಮ ಆಂಟಿಯ ಮುಖ, ಎಲ್ಲ ಕಣ್ಣಿಗೆ ಕಟ್ಟಿ ನನಗೆ ಅಳುವೇ ಬಂತು. ಮೊದಲು ತೋಟಾದ ಮೇಲೆ ಅನುಮಾನ ಪಟ್ಟೆ. ಆಮೇಲೆ, ನನ್ನ ಮಾನ ಕಳೆಯಲೆಂದೇ ಕರೆದದ್ದು ಈ ಮುದುಕ ಎಂದುಕೊಂಡೆ.

ವಾಲ್ಟರ್ ಬಂದು ಕೋವಿ ತೆಗೆದುಕೊಂಡು, ತೋಟಾ ಇಲ್ಲವೆಂದು ಖಚಿತಪಡಿಸಿಕೊಂಡು, ಎರಡೂ ಬಾಯಿಗಳನ್ನು ಬೆಳಕಿಗೆ ಹಿಡಿದು ನೋಡಿದರು.

"ನಾನು ಹೇಳಿದವನು ಇಷ್ಟು ಕೊರೆಯೋನಲ್ಲ," ಅಂದರು. "ಇದರಲ್ಲಿ ಈಗ ಚೋಕೇ ಇಲ್ಲ. ದೂರದ ಹಕ್ಕಿಗೆ ಇದು ಆಗೋದಿಲ್ಲ."

ಅವರು ಬೇರೇನೂ ಕೇಳಲಿಲ್ಲ. ಭುಜದ ನೋವು ಹೆಚ್ಚಾದ ಮೇಲೆ ಈ ಭಾರದ ಕೋವಿ ಎತ್ತಲಾಗದೆ ಮಾರಿದ್ದಂತೆ, ನಾನು ಕೋವಿಗೆ ಹೂವಿಡುವ ಊರಿನವಳು ಅಂತ ಕೇಳಿದ್ದಕ್ಕೇ ಮೊದಲು ಹೇಳಿದ್ದಕ್ಕಿಂತಲೂ ಕಡಿಮೆಗೆ ಕೊಟ್ಟದ್ದಂತೆ. ಆ ದಿನ ಹಗುರವಾದ ಇನ್ನೊಂದು ಕೋವಿಯಲ್ಲಿ ತಾವು ಹೊಡೆದ ಹತ್ತು ಹಕ್ಕಿಗಳನ್ನೂ ನನ್ನ ಕೂಲರಿಗೆ ಹಾಕಿ, ಇಲ್ಲಿನ ಬೇಟೆಯ ಕಾನೂನಿನಂತೆ ಹಕ್ಕಿ ಕೊಟ್ಟದ್ದಕ್ಕೆ ಒಂದು ಚೀಟಿ ಬರೆದು ಸಹಿಯನ್ನೂ ಹಾಕಿದರು. ನಾಚಿಕೆಯಿಂದ ತಲೆ ತಗ್ಗಿಸಿಕೊಂಡೇ ಕೂಲರನ್ನು ಕಾರಿಗೆ ಎತ್ತಿಟ್ಟೆ. ಫ್ರೀವೇ ಹತ್ತುವವರೆಗೂ ಆ ಚೀಟಿಯನ್ನು ಕೈಯಲ್ಲೇ ಹಿಡಿದಿದ್ದೆ.

ಶನಿವಾರ ಪಾರ್ಕಿನಲ್ಲಿ ನನ್ನ ಸಾರಿನ ಪಾತ್ರೆಗೆ ಮುಗಿಬಿದ್ದರು. ಎಲ್ಲರೂ ಹೊಗಳಿದರು, ನಾನು ಹೊಗಳಿಸಿಕೊಂಡೆ. ಬೋಜಮ್ಮ ಆಂಟಿ ಮಾತ್ರ ನಿಧಾನವಾಗಿ ಅಗಿದು, ಒಂದು ಗುಂಡನ್ನು ಬಾಯಿಂದ ತೆಗೆದು ತಟ್ಟೆಯಂಚಿಗಿಟ್ಟರು. ಇನ್ನೊಂದು ಹಕ್ಕಿ ಹಾಕಿಸಿಕೊಂಡರು. ಅದರಲ್ಲೂ ಒಂದೋ ಎರಡೋ ಗುಂಡು, ಎದೆಯ ಮಾಂಸಕ್ಕೆ ಏನೂ ಆಗಿಲ್ಲ. ನಮ್ಮ ಯಜಮಾನರು ನಲವತ್ತು ವರ್ಷ ಬೇಟೆಯಾಡಿದ ಮೇಲೆ ಹೀಗೆ ಹೊಡೆಯುತ್ತಿದ್ದರು ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ನನ್ನ ಕಡೆ ತಿರುಗಿದರು.

"ಇದು ಪಳಗಿದ ಕೈ ಕಣೇ. ನಿಜ ಹೇಳು, ಯಾರು ಹೊಡೆದಿದ್ದು?"

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಆಂಟಿ, ಮನುಷ್ಯರ ಮೇಲೆ ಇಷ್ಟೊಂದು ಅನುಮಾನ ಪಡಬಾರದು," ಅಂದೆ.

ಪೂವಯ್ಯ ತಟ್ಟೆ ಕೆಳಗಿಟ್ಟು ಎದ್ದು, ಕಾರಿನವರೆಗೆ ನಡೆದುಹೋಗಿ, ಬಾಗಿಲು ಹಾಕಿಕೊಂಡು ಒಳಗೆ ಕೂತ. ಕಾರು ಅಲುಗಾಡುತ್ತಿತ್ತು. ಅವನು ಯಾಕೆ ನಗುತ್ತಿದ್ದಾನೆ ಎಂಬ ಬಗ್ಗೆ ಮದುವೆಯಾದ ಮೇಲೆ ಮೊದಲ ಸಲ ನನಗೆ ಯಾವ ಅನುಮಾನವೂ ಇರಲಿಲ್ಲ.