ಲಾರಿಗೆ ನಾನು ಕೊಟ್ಟ ಎರಡು ಏಟು

ಒಂದು ಮಂಗಳವಾರ ಬೆಳಿಗ್ಗೆ ಒಂಬತ್ತು ಗಂಟೆ ಹದಿನೇಳು ನಿಮಿಷಕ್ಕೆ ನನ್ನ ನಿದ್ದೆ ಹೋಯಿತು. ಮಲಗಿದ್ದಾಗ ಅಲ್ಲ, ಪೂರ್ತಿ ಎಚ್ಚರವಾಗಿ ನಿಂತಿದ್ದಾಗ! ಸಮಯವನ್ನು ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ಆ ಹೊತ್ತಿಗೆ ಸರಿಯಾಗಿ ನನ್ನ ಝೆರಾಕ್ಸ್ ಅಂಗಡಿಯಲ್ಲಿ ಒಬ್ಬರ ಜಾತಿ ಪ್ರಮಾಣಪತ್ರದ ಅರ್ಜಿ ಸಲ್ಲಿಕೆಯಾಗಿ, ಅದರ ರಸೀದಿ ಪ್ರಿಂಟರಿನಿಂದ ಹೊರಗೆ ಬರುತ್ತಿತ್ತು. ಅದರ ಮೂಲೆಯಲ್ಲಿ ೯:೧೭ ಎಂದಿತ್ತು. ಅರ್ಜಿದಾರರು ಅದನ್ನು ಬಿಟ್ಟು ಬೀದಿಗೆ ಓಡಿದರು, ಮತ್ತೆ ಬರಲೇ ಇಲ್ಲ. ಆ ಕಾಗದ ಈಗಲೂ ನನ್ನ ಮೇಜಿನ ಡ್ರಾಯರಿನಲ್ಲಿದೆ. ನೋಡಬಾರದೆಂದುಕೊಂಡೇ ದಿನಾ ನೋಡುತ್ತೇನೆ.

ನನ್ನ ಅಂಗಡಿ ಇರುವುದು ಹರಪನಹಳ್ಳಿಯಲ್ಲಿ, ದೊಡ್ಡ ರಸ್ತೆಯಿಂದ ಮೆಕ್ಕೆಜೋಳದ ಗೋದಾಮುಗಳ ಕಡೆಗೆ ಒಂದು ಸಣ್ಣ ರಸ್ತೆ ಎಡಕ್ಕೆ ಹೊರಳುವ ಮೂಲೆಯಲ್ಲಿ. ಆ ಸಣ್ಣ ರಸ್ತೆ ಹುಟ್ಟಿದ್ದು ಎತ್ತಿನ ಗಾಡಿಗೆ. ಈಗ ಅದರೊಳಗೆ ಹತ್ತು ಚಕ್ರದ ಲಾರಿ ಹೋಗುತ್ತದೆ. ತಾನಾಗಿ ಹೋಗುವುದಿಲ್ಲ, ನಾವೆಲ್ಲ ಸೇರಿ ಹೋಗಿಸುತ್ತೇವೆ. ಈಗಿನ ಲಾರಿಗಳಲ್ಲಿ ಕ್ಲೀನರ್ ಇರುವುದು ಅಪರೂಪ. ಡ್ರೈವರ್ ಒಬ್ಬನೇ ಬರುತ್ತಾನೆ. ಹಾಗಾಗಿ ಲಾರಿ ಮೂಲೆಗೆ ಬಂದ ಕೂಡಲೇ ಟೀ ಕುಡಿಯುವವರು, ಪೇಪರ್ ಓದುವವರು, ಬಸ್ಸಿಗೆ ಕಾಯುವವರು ಎಲ್ಲರೂ ಸಂಬಳವಿಲ್ಲದ ಕ್ಲೀನರ್‌ಗಳಾಗುತ್ತಾರೆ. ಒಬ್ಬ “ಬರ್ಲಿ, ಬರ್ಲಿ” ಎನ್ನುತ್ತಾನೆ, ಇನ್ನೊಬ್ಬ ಅದೇ ಹೊತ್ತಿಗೆ “ಬ್ಯಾಡ, ಬ್ಯಾಡ” ಎನ್ನುತ್ತಾನೆ.

ಈ ಇಲಾಖೆಗೆ ನಾನು ಸ್ವಯಂಘೋಷಿತ ಮುಖ್ಯಸ್ಥ. ಬಿ.ಎಸ್ಸಿ. ಪದವೀಧರ. ನನ್ನ ಪದವಿಪತ್ರವನ್ನು ನಾನೇ ಲ್ಯಾಮಿನೇಷನ್ ಮಾಡಿ ಅಂಗಡಿಯಲ್ಲಿ ತೂಗುಹಾಕಿದ್ದೇನೆ. ವೇಗ, ಕೋನ, ತೂಕ ಇವೆಲ್ಲ ನನಗೆ ತಿಳಿದ ವಿಷಯಗಳು ಎಂದು ಊರೂ ನಂಬಿತ್ತು, ನಾನೂ ನಂಬಿದ್ದೆ. ನಿಯಮವಂತೂ ಕೂಸಿಗೂ ಗೊತ್ತು: ಬಸ್ಸಿನ ಕಂಡಕ್ಟರ್ ಸೀಟಿಯದೇ ನಿಯಮ. ಲಾರಿಯ ಮೈಗೆ ಅಂಗೈಯಿಂದ ಒಂದು ಏಟು ಬಿದ್ದರೆ ನಿಲ್ಲಬೇಕು. ಎರಡು ಬಿದ್ದರೆ ಹೊರಡಬೇಕು. ಹೊಸಬರು ತಪ್ಪು ಮಾಡಿದಾಗ ತಿದ್ದಿ ಹೇಳುತ್ತಿದ್ದವನು ನಾನೇ. “ಏ, ಒಂದು ಬಡಿ, ಒಂದು! ಎರಡು ಬಡಿದ್ರ ಹೊಂಟ್‌ಬಿಡ್ತಾನ!”

ಆ ಮಂಗಳವಾರ ಜೋಳದ ಚೀಲ ಹೇರಿಕೊಂಡ ಲಾರಿಯೊಂದು ಬಂತು. ಇಷ್ಟು ಉದ್ದದ ಗಾಡಿ ಎಡಕ್ಕೆ ಹೊರಳಬೇಕಾದರೆ ಮೊದಲು ಬಲಕ್ಕೆ ಸರಿಯುತ್ತದೆ. ಬಲಕ್ಕೆ ಸರಿದಾಗ ಎಡಗಡೆ ಜಾಗ ಬಿಡುತ್ತದೆ. ಆ ಜಾಗ ನೋಡಿದರೆ ಸೈಕಲ್ಲಿನವರಿಗೆ ಯಾರೋ ಪುಣ್ಯಾತ್ಮ ದಾರಿ ಬಿಟ್ಟಂತೆ ಕಾಣುತ್ತದೆ. ದುರುಗಮ್ಮನಿಗೂ ಹಾಗೇ ಕಂಡಿತು.

ದುರುಗಮ್ಮ ಹೂ ಮಾರುವವಳು. ಹಡಗಲಿಯಿಂದ ಮೊದಲ ಬಸ್ಸಿಗೆ ಬರುವ ಮಲ್ಲಿಗೆಯನ್ನು ಬಸ್ ನಿಲ್ದಾಣದಲ್ಲಿ ಇಳಿಸಿಕೊಂಡು, ಗಂಡನ ಕಾಲದ ಗಂಡಸರ ಸೈಕಲ್ಲಿನ ಕ್ಯಾರಿಯರಿಗೆ ಬುಟ್ಟಿ ಕಟ್ಟಿ, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಊರೆಲ್ಲ ಸುತ್ತುತ್ತಾಳೆ. ಐವತ್ತು ದಾಟಿದೆ. ಬೆಲ್ಲಿಗಿಂತ ಬಾಯಿ ಜೋರು.

ಅವಳು ಎಡಗಡೆಯ ಜಾಗಕ್ಕೆ ನುಗ್ಗಿದಳು. ಲಾರಿ ಒಂದು ಕ್ಷಣ ತಡೆದು ನಿಂತಿತ್ತು. ಡ್ರೈವರ್ ಬಲಗಡೆ ಬರುತ್ತಿದ್ದ ಬಸ್ಸನ್ನು ನೋಡುತ್ತಿದ್ದ. ನಾನು ಅಂಗಡಿಯಿಂದ ಜಿಗಿದೆ. ಒಂದೇ ಒಂದು ಏಟು ಹೊಡೆಯಬೇಕಿತ್ತು. ಆದರೆ ಗಾಬರಿಯಾದ ಮನುಷ್ಯ ಎಲ್ಲಾದರೂ ಒಂದೇ ಏಟಿಗೆ ನಿಲ್ಲಿಸುತ್ತಾನೆಯೇ?

ಡಬ್. ಡಬ್.

ಲಾರಿ ವಿಧೇಯವಾಗಿ ಹೊರಟಿತು!

ಮುಂದಿನದನ್ನು ತಮಾಷೆಯಾಗಿ ಹೇಳಲು ಹಲವು ಸಲ ಪ್ರಯತ್ನಿಸಿದ್ದೇನೆ, ಆಗಿಲ್ಲ. ಹ್ಯಾಂಡಲ್ಲು ಲಾರಿಯ ಮೈಗೆ ತಾಗಿತು. ಅವಳು ಗಟಾರದ ಚಪ್ಪಡಿಯ ಮೇಲೆ ಬಿದ್ದಳು. ಸೈಕಲ್ಲು ಕೆಳಗೆ ಹೋಯಿತು. ಹಿಂದಿನ ಚಕ್ರಗಳು ಅದರ ಮೇಲೆ ಹತ್ತಿದಾಗ ಅವಳ ಕಾಲಿಗೂ ಟೈರಿಗೂ ನಡುವೆ ಒಂದು ಗೇಣು ಇತ್ತು. ನಾನು ಅಳತೆ ಉತ್ಪ್ರೇಕ್ಷಿಸುವವನು. ಇದನ್ನು ಮಾತ್ರ ಉತ್ಪ್ರೇಕ್ಷಿಸಿಲ್ಲ. ಒಂದು ಗೇಣು. ಮಲ್ಲಿಗೆ ಬುಟ್ಟಿ ಜಜ್ಜಿಹೋಗಿ ಇಡೀ ಮೂಲೆ ಘಮ್ಮೆಂದಿತು. ಈಗ ಮಲ್ಲಿಗೆ ಮೂಸಿದರೆ ನನಗೆ ಡೀಸೆಲ್ ವಾಸನೆ ಬರುತ್ತದೆ.

ನಾನು ಆಮೇಲೂ ಬಡಿಯುತ್ತಲೇ ಇದ್ದೆ. ಲಾರಿ ನಿಂತದ್ದು ನನ್ನ ಬಡಿತಕ್ಕಲ್ಲ; ಸೈಕಲ್ಲಿನ ಕಬ್ಬಿಣ ಕೆಳಗೆ ಸಿಕ್ಕಿ ಕರಕರ ಕಿರುಚಿದ್ದಕ್ಕೆ. ಆದರೆ ಜನ ತಿರುಗಿ ನೋಡಿದಾಗ ನಿಂತ ಲಾರಿಯ ಮೇಲೆ ಇದ್ದದ್ದು ನನ್ನ ಕೈ!

ಡ್ರೈವರ್ ಬಿಳಿಚಿಕೊಂಡು ಇಳಿದ. “ಎರಡು ಏಟು ಬಿದ್ವು, ಹೊಂಟೆ. ಯಾರ್ರೀ ಬಡದೋರು?”

“ಸುಳ್ಳು ಹೇಳ್ತೀಯೇನಲೇ!” ಎಂದು ಪಕ್ಕದ ಟೀ ಅಂಗಡಿಯ ನಾಗಪ್ಪ ಅವನ ಕೊರಳಪಟ್ಟಿ ಹಿಡಿದ. “ನಮ್ಮ ಕೊಟ್ರೇಶಣ್ಣ ಬಡಬಡ ಬಡದು ನಿಲ್ಲಿಸಲಿಲ್ಲಂದ್ರ ಆಯಮ್ಮ ಇವತ್ತು ಸತ್ತು ಹೋಗ್ತಿದ್ಲು!”

ಕೊಟ್ರೇಶಣ್ಣ ಎಂದರೆ ನಾನು. ಬಾಯಿ ತೆರೆದೆ. ಗಾಳಿ ಮಾತ್ರ ಬಂತು. “ನೋಡ್ರಿ, ಪಾಪ, ಮಾತಽ ಬರವಲ್ದು” ಎಂದು ಯಾರೋ ನನಗೆ ನೀರು ಕುಡಿಸಿದರು.

ಮೂರನೆಯ ದಿನ ನಾಗಪ್ಪನ ಟೀ ಅಂಗಡಿಯಲ್ಲಿ ನನಗೆ ಸನ್ಮಾನ. ಶಾಲು ಹೊದಿಸಿದರು. ಹಾರ ಹಾಕಿದವಳು ಸಾಕ್ಷಾತ್ ದುರುಗಮ್ಮ, ಮೊಣಕೈಗೆ ಪಟ್ಟಿ ಕಟ್ಟಿಕೊಂಡು. “ನನ್ನ ಮಗಳು ದೀಪ ಹಚ್ಚುವಾಗ ನಿಮ್ಮ ಹೆಸರು ತಗಂತಾಳ್ರಿ ಸರ್” ಎಂದಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಭೂಮಿ ಬಿಡಲಿಲ್ಲ. ನಾಗಪ್ಪ ಎರಡು ಮಿರ್ಚಿ ಬಜ್ಜಿ ಕೊಟ್ಟ.

ಮನೆಯಲ್ಲಿ ಸತ್ಯ ತಾನಾಗಿಯೇ ಹೊರಬಿತ್ತು. ನಿದ್ದೆಯಲ್ಲಿ ನಾನು ಗೋಡೆ ಬಡಿಯುತ್ತಿದ್ದೆನಂತೆ. ನಾಲ್ಕನೆಯ ಬೆಳಿಗ್ಗೆ ಹೆಂಡತಿ ಸುನಂದಾ ರೊಟ್ಟಿ ತಟ್ಟುತ್ತಾ ಕೇಳಿದಳು:

“ಅಲ್ರೀ, ದಿನಾ ಎರಡು ಬಡೀತೀರಿ, ಎದ್ದು ಕುಂದರ್ತೀರಿ. ಒಮ್ಮಿನೂ ಮೂರನೇದು ಬಡಿಲಿಲ್ಲ. ಏನದು?”

ಹೇಳಿದೆ. ಅವಳು ರೊಟ್ಟಿಯನ್ನು ಹಂಚಿಗೆ ಹಾಕಿ ನನ್ನ ಕಡೆ ತಿರುಗಿದಳು.

ಸುನಂದಾ ಗುಡೇಕೋಟೆ ಕಡೆಯವಳು. ಆ ಗುಡ್ಡಗಳಲ್ಲಿ ಕರಡಿಗಳಿವೆ. “ನಮ್ಮೂರಾಗ ಕರಡಿ ಎದುರು ಬಂದ್ರ ಯಾರೂ ಶಾಣ್ಯಾತನ ಮಾಡಂಗಿಲ್ಲ” ಎಂದಳು. “ಸುಮ್ನ ನಿಲ್ತೀವಿ. ಅದು ಹೋದಮ್ಯಾಲ ನಾವು ಹೋಗ್ತೀವಿ. ನೀವು ಬಿ.ಎಸ್ಸಿ. ಮಾಡಿ ಕರಡಿ ಬೆನ್ನು ಬಡಿದ್ರಿ! ಹೋಗಿ ಆಯಮ್ಮಗ ಇದ್ದದ್ದು ಇದ್ದಂಗ ಹೇಳಿ ಬರ್ರಿ.”

ಹೇಳುವುದು ತುರ್ತಾಗಿತ್ತು. ಏಕೆಂದರೆ ಮರುವಾರ ದುರುಗಮ್ಮ ಹಳೆಯ ಸೈಕಲ್ಲೊಂದನ್ನು ಹೊಂದಿಸಿಕೊಂಡು ಮತ್ತೆ ಬಂದಳು. ಮೊದಲು ಅವಳಿಗೆ ಲಾರಿ ಎಂದರೆ ಸ್ವಲ್ಪವಾದರೂ ಅಂಜಿಕೆಯಿತ್ತು. ಈಗ ಅದೂ ಇಲ್ಲ! ಲಾರಿ ಬಲಕ್ಕೆ ಸರಿದು ಎಡಗಡೆ ಜಾಗ ಬಿಟ್ಟ ಕೂಡಲೇ ನನ್ನ ಅಂಗಡಿಯ ಕಡೆ ಕೈ ಎತ್ತಿ, “ಸರ್, ನೋಡ್ಕಳ್ರಿ, ನಾ ಹೊಂಟೆ!” ಎಂದು ಕೂಗಿ ನುಗ್ಗುತ್ತಿದ್ದಳು. ಅವಳ ಹಿಂದೆ ಶಾಲೆಯ ಹುಡುಗಿಯರು, ಗಾರೆ ಕೆಲಸದವರು, ಹಾಲಿನವನು. “ಏನಾಗಂಗಿಲ್ಲ ಬರ್ರಿ, ಕೊಟ್ರೇಶ್ ಸರ್ ಅದಾರ!” ನಾನು ನಿಂತಲ್ಲೇ ಬೆವರುತ್ತಿದ್ದೆ. ನನ್ನ ಎರಡು ಏಟು ಅವಳನ್ನು ಒಮ್ಮೆ ಲಾರಿಯ ಕೆಳಗೆ ತಳ್ಳಿತ್ತು. ನನ್ನ ಮೌನ ದಿನಾ ತಳ್ಳುತ್ತಿತ್ತು.

ಆದರೂ ಹೇಳಲಿಲ್ಲ. ಹೇಳದೆಯೇ ಸರಿಪಡಿಸಬಹುದು ಎಂದುಕೊಂಡೆ. ಓದಿದವರ ರೋಗ ಇದು.

ಮೊದಲು ಬೋರ್ಡು ಬರೆದು, ಲ್ಯಾಮಿನೇಷನ್ ಮಾಡಿ ಕಂಬಕ್ಕೆ ಕಟ್ಟಿದೆ: “ಸೈಕಲ್ ಸವಾರರ ಗಮನಕ್ಕೆ. ತಿರುಗುವ ಲಾರಿಯ ಎಡಬದಿಗೆ ಹೋಗುವುದನ್ನು ಈ ಮೂಲಕ ಬಲವಾಗಿ ನಿಷೇಧಿಸಲಾಗಿದೆ.” ಎರಡನೆಯ ದಿನ ಅದು ನಾಗಪ್ಪನ ಅಂಗಡಿಯಲ್ಲಿ ಸಕ್ಕರೆ ಡಬ್ಬಿಯ ಮುಚ್ಚಳವಾಗಿತ್ತು. “ನೊಣ ಬರಂಗಿಲ್ಲಣ್ಣ, ಭಾಳ ಚಲೋ ಐತಿ” ಎಂದ. ಆಮೇಲೆ ದುರುಗಮ್ಮನ ಹ್ಯಾಂಡಲ್ಲಿಗೆ ಒಂದು ಕನ್ನಡಿ ಹಾಕಿಸಿದೆ, ಹಿಂದಿನಿಂದ ಬರುವ ಗಾಡಿ ಕಾಣಲೆಂದು. ಅವಳು ಅದರಲ್ಲಿ ಕುಂಕುಮ ಸರಿಮಾಡಿಕೊಳ್ಳುತ್ತಾ ನೇರವಾಗಿ ಲಾರಿಯ ಪಕ್ಕಕ್ಕೇ ಹೋದಳು!

ಕೊನೆಗೆ ವೈಜ್ಞಾನಿಕವಾಗಿ ತನಿಖೆ ನಡೆಸುವುದೆಂದು ತೀರ್ಮಾನಿಸಿದೆ. ಡ್ರೈವರನಿಗೆ ಎಡಗಡೆ ಏನು ಕಾಣುತ್ತದೆ? ಅದೊಂದು ಗೊತ್ತಾದರೆ ಉಪಾಯ ಹೊಳೆಯುತ್ತದೆ. ಒಂದು ಬೆಳಿಗ್ಗೆ ಮೂಲೆಯಲ್ಲಿ ಲಾರಿಯೊಂದು ನಿಂತಿತ್ತು. ಒಮ್ಮೆ ಒಳಗೆ ಕೂತು ನೋಡಲೇ ಎಂದು ಕೇಳಲು ಹೋದರೆ, ಅದೇ ಡ್ರೈವರ್! ಅವನೂ ನನ್ನನ್ನು ಗುರುತಿಸಿದ.

“ನೀವಽ ಅಲ್ಲೇನ್ರಿ ಆವತ್ತು ಬಡದು ನಿಲ್ಲಿಸಿದೋರು? ಬರ್ರಿ, ಹತ್ರಿ ಮ್ಯಾಲೆ.”

ಹತ್ತಿದೆ. ಅವನು ತನ್ನ ಸೀಟು ಬಿಟ್ಟುಕೊಟ್ಟು ನಡುವೆ ಕೂತ. ನಾನು ಎಡಗಡೆ ನೋಡಿದೆ. ನನ್ನ ಅಂಗಡಿ ಇರಲಿಲ್ಲ. ನಾಗಪ್ಪನ ಟೀ ಅಂಗಡಿ ಇರಲಿಲ್ಲ. ನಾಗಪ್ಪ, ಅವನ ಒಲೆ, ಬೆಂಚಿನ ಮೇಲೆ ಕೂತಿದ್ದ ನಾಲ್ಕು ಜನ, ಯಾರೂ ಇರಲಿಲ್ಲ. ಕಿಟಕಿಯಲ್ಲಿ ಎದುರು ಮಹಡಿಯ ಮೇಲೆ ಒಣಗಲು ಹಾಕಿದ ಸೀರೆಗಳು ಕಾಣುತ್ತಿದ್ದವು. ಕನ್ನಡಿಯಲ್ಲಿ ಲಾರಿಯದೇ ಮೈ. ಕೆಳಗೆ ಒಂದು ಇಡೀ ಊರು ಮಾಯವಾಗಿತ್ತು.

“ಏನೂ ಕಾಣವಲ್ದಲ್ಲಪ್ಪ!” ಎಂದೆ.

“ಇಲ್ರಿ. ಎಡಗಡಿ ನಮಗ ಕಣ್ಣಿಲ್ಲ. ಬಡಿಯೋರ ಕೈಯಽ ಕಣ್ಣು” ಎಂದ ಅವನು. “ಆವತ್ತು ನಿಮಗಿಂತ ಮೊದಲು ಯಾವನೋ ಎರಡು ಬಡದಿದ್ದ. ಸುಳ್ಳಲ್ರಿ, ನನ್ನ ಮಕ್ಕಳಾಣಿ. ಅವನ್ನ ಹುಡುಕಾಕತ್ತೀನಿ.”

“ಸಿಕ್ಕರೆ ಏನು ಮಾಡ್ತಿ?”

“ಏನೂ ಮಾಡಂಗಿಲ್ಲ. ಯಪ್ಪಾ, ನಿನಗ ರಾತ್ರಿ ನಿದ್ದಿ ಬರ್ತೈತೇನು ಅಂತ ಕೇಳ್ತೀನಿ. ನನಗಂತೂ ಬರವಲ್ದು.”

ನನ್ನ ಬಿ.ಎಸ್ಸಿ., ನನ್ನ ಶಾಲು, ನನ್ನ ಹಾರ ಎಲ್ಲ ಆ ಕ್ಯಾಬಿನ್ನಿನಲ್ಲಿ ಜಾರಿಬಿದ್ದವು. “ಬರಲ್ಲಪ್ಪ” ಎಂದೆ. “ಅವನಿಗೂ ಬರಲ್ಲ. ಅವನು ನಾನೇ. ಮೊದಲಿನ ಎರಡೂ ನನ್ನವೇ. ಗಾಬರಿಯಾಗಿ ಒಂದರ ಬದಲು ಎರಡು ಬಡಿದುಬಿಟ್ಟೆ. ನೀನು ನಿಲ್ಲಿಸಿದ್ದೂ ನನ್ನಿಂದಲ್ಲ.”

ಅವನು ಬಯ್ಯಲಿಲ್ಲ. ನನ್ನ ಅಂಗೈಯನ್ನು ಬಹಳ ಹೊತ್ತು ನೋಡಿದ. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು. ಮುಖ ತಪ್ಪಿಸಿಕೊಂಡು ಬೇಗ ಇಳಿಯೋಣವೆಂದು ಅವನನ್ನು ದಾಟಿ ಎಡಗಡೆಯ ಬಾಗಿಲಿಗೆ ಹೋದೆ. ಎಡಗಡೆ ಯಾರೂ ಕಾಣುತ್ತಿರಲಿಲ್ಲ. ಆದ್ದರಿಂದ ಯಾರೂ ಇಲ್ಲವೆಂದು ತಿಳಿದು ಬಾಗಿಲನ್ನು ದಡಾರನೆ ತೆರೆದೆ!

ಅದು ದುರುಗಮ್ಮನ ಸೈಕಲ್ಲಿಗೆ ಬಡಿಯಿತು.

ಅವಳು ಅಲ್ಲೇ ಕೆಳಗೆ ಸೈಕಲ್ ಹಿಡಿದು ನಿಂತಿದ್ದಳು. ನಾನು ಲಾರಿ ಹತ್ತಿದ್ದನ್ನು ನೋಡಿ, ಏನು ವಿಷಯವೆಂದು ಕೇಳಲು ಬಂದಿದ್ದಳು. ಕಿಟಕಿಯ ಗಾಜು ಇಳಿದಿತ್ತು, ಒಳಗಿನ ಮಾತೆಲ್ಲ ಅವಳಿಗೆ ಕೇಳಿಸಿತ್ತು. ಬುಟ್ಟಿ ಉರುಳಿ, ಆ ಮೂಲೆಯಲ್ಲಿ ಎರಡನೆಯ ಸಲ ನನ್ನಿಂದ ಮಲ್ಲಿಗೆ ಬೀದಿಪಾಲಾಯಿತು. ಅವಳು ಹೂವಿನ ಕಡೆ ನೋಡಲೇ ಇಲ್ಲ.

“ಎರಡೂ ನಿಮ್ಮೇಟೇನ್ರಿ?”

ನಾನು ಮೆಟ್ಟಿಲ ಮೇಲೆ ಒಂದು ಕಾಲು, ಗಾಳಿಯಲ್ಲಿ ಒಂದು ಕಾಲು ಇಟ್ಟುಕೊಂಡು ತಲೆಯಾಡಿಸಿದೆ.

“ಹಾರ ಹಾಕಿಸ್ಕಂಡ್ರೆಲ್ರಿ!”

“ಹೌದು.”

“ನಿಮ್ಮ ಕೈ ನಂಬಿ ದಿನಾ ಲಾರಿ ಬಗಲಾಗ ನುಗ್ಗಿನಲ್ರಿ ನಾನು! ಸತ್ತಿದ್ರ? ನನ್ನ ಮಗಳಿಗೆ ಯಾರದಾರ್ರಿ ನನ್ನ ಬಿಟ್ರ? ಅಕೀ ನಿಮ್ಮ ಹೆಸರ್ಲೆ ದೀಪ ಹಚ್ಚಾಕತ್ಯಾಳ, ನೀವು ಬಾಯಿ ಮುಚ್ಕಂಡು ಕುಂತಿದ್ರಿ?”

ಇಡೀ ಮೂಲೆ ಕೇಳಿಸಿಕೊಂಡಿತು. ಅವಳು ಅಲ್ಲಿಂದ ಡ್ರೈವರನ ಕಡೆ ತಿರುಗಿ, “ನಿನಗೂ ಬೈದಿದ್ವಿ ತಮ್ಮಾ, ತಪ್ಪಾತು” ಎಂದಳು. ನನ್ನ ಕಡೆ ಮತ್ತೆ ನೋಡದೆ ಸೈಕಲ್ ತಳ್ಳಿಕೊಂಡು ನಡೆದಳು. ಡ್ರೈವರ್ ಇಳಿದು ಬಂದು ಚೆಲ್ಲಿದ ಹೂ ಬುಟ್ಟಿಗೆ ತುಂಬಿಕೊಂಡು ಅವಳ ಹಿಂದೆ ಓಡಿದ. ನಾನು ಶಾಲು ತಂದು ನಾಗಪ್ಪನಿಗೆ ಕೊಟ್ಟೆ. “ಇರ್ಲಿ ಬಿಡಣ್ಣ” ಎಂದ ಅವನು, ನೆಲ ನೋಡುತ್ತಾ. ಆಮೇಲೆ ಅದನ್ನು ಮಡಚಿ ಹಾಲಿನ ಪಾತ್ರೆ ಇಳಿಸಲು ಇಟ್ಟುಕೊಂಡ.

ಎರಡು ದಿನ ದುರುಗಮ್ಮ ಆ ಕಡೆ ಬರಲಿಲ್ಲ. ನನ್ನ ಕೈ ಗೋಡೆ ಬಡಿಯುವುದೂ ನಿಲ್ಲಲಿಲ್ಲ.

ಮೂರನೆಯ ದಿನ, ಶುಕ್ರವಾರ ಬೆಳಿಗ್ಗೆ, ಲಾರಿಯೊಂದು ಮೂಲೆಗೆ ಬಂತು. ಬಲಕ್ಕೆ ಸರಿಯಿತು. ಎಡಗಡೆ ಆ ಹಾಳು ಜಾಗ ಬಿಟ್ಟಿತು. ಹಿಂದೆ ದುರುಗಮ್ಮ ಸೈಕಲ್ಲಿನಲ್ಲಿ ಬರುತ್ತಿದ್ದಳು. ಅಭ್ಯಾಸಬಲದಿಂದ ನಾನು ಅಂಗಡಿಯಿಂದ ಹೊರಗೆ ಬಂದು ಕೈ ಎತ್ತಿದೆ. ಅವಳು ನನ್ನನ್ನು ನೋಡಿದಳು. ತಕ್ಷಣ ಬ್ರೇಕ್ ಹಿಡಿದು, ಸೈಕಲ್ಲಿನಿಂದ ಇಳಿದು, ದೂರದಲ್ಲೇ ನಿಂತಳು. ಹಿಂದೆ ಬರುತ್ತಿದ್ದ ಶಾಲೆಯ ಹುಡುಗಿಯರಿಗೂ ಕೈ ಅಡ್ಡ ಹಿಡಿದಳು. “ನಿಲ್ರಿ. ಆಯಪ್ಪ ಹೊರಗ ಬಂದಾನ!”

ಹಾಲಿನವನು ಮಾತ್ರ ನಿಲ್ಲಲಿಲ್ಲ. ಅದೇ ಜಾಗದಲ್ಲಿ ನುಗ್ಗಿ ದಾಟಿಹೋದ. ಆ ದಿನ ದಾಟಿದ, ಅಷ್ಟೇ.

ಲಾರಿ ಪೂರ್ತಿ ಹೊರಳಿ ಸಣ್ಣ ರಸ್ತೆಯೊಳಗೆ ಹೋಯಿತು. ದುರುಗಮ್ಮ ನಿಂತೇ ಇದ್ದಳು. ಧೂಳು ಇಳಿಯಿತು. ನಿಂತೇ ಇದ್ದಳು. ನಾನು ಕೈ ಇಳಿಸಿ, ಅಂಗಡಿಯ ಒಳಗೆ ಹೋಗಿ ಪ್ರಿಂಟರಿನ ಹಿಂದೆ ಕೂತೆ. ಆಗ ಬೆಲ್ಲು ಬಾರಿಸಿಕೊಂಡು ದಾಟಿದಳು.

ಗುಡೇಕೋಟೆಯವರು ಕರಡಿಗೆ ಕೊಡುವ ಮರ್ಯಾದೆ ಹರಪನಹಳ್ಳಿಯಲ್ಲಿ ನನಗೆ ಸಿಕ್ಕಿತ್ತು. ಆ ಶುಕ್ರವಾರ ರಾತ್ರಿ ನಾನು ಬೆಳಗಿನ ತನಕ ನಿದ್ದೆ ಮಾಡಿದೆ.