ಸವೆದ ಮೆತ್ತೆಯೂ ಗಿಣಿ ಮಣೆಯೂ

ತೊಟ್ಟಿಲು ತರುತ್ತೇನೆಂದು ಬೆಂಗಳೂರಿಗೆ ಹೋದ ಗಂಡ ಗೋಣಿಚೀಲದಲ್ಲಿ ಒಂದು ಯಂತ್ರ ಕಟ್ಟಿಕೊಂಡು ಬಂದರೆ ಹೆಂಡತಿಯಾದವಳು ಏನು ಮಾಡಬೇಕು? ಕರಿಬಸಮ್ಮ ಏನೂ ಮಾಡಲಿಲ್ಲ. ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡಿದರು, ಅಷ್ಟೆ. ಬೈದಿದ್ದರೆ ಶಂಕರಲಿಂಗಪ್ಪನವರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಮಧುಗಿರಿಯ ತಾಲ್ಲೂಕು ಕಚೇರಿಯಲ್ಲಿ ಮೂವತ್ತೊಂದು ವರ್ಷ ಅಮಲ್ದಾರರ ಬೈಗುಳ ತಿಂದು, ಅರಗಿಸಿಕೊಂಡು, ಶಿರಸ್ತೇದಾರರಾಗಿ ನಿವೃತ್ತರಾದವರು ಅವರು. ಬೈಗುಳಕ್ಕೆ ಹೇಗೆ ತಲೆ ತಗ್ಗಿಸಬೇಕೆಂದು ಗೊತ್ತಿತ್ತು. ಹೆಂಡತಿಯ ಮೌನಕ್ಕೆ ಏನು ಮಾಡಬೇಕೆಂದು ಯಾವ ಕಾನೂನಿನಲ್ಲೂ ಬರೆದಿರಲಿಲ್ಲ.

"ತೊಟ್ಲೆಲ್ಲಿ?" ಎಂದರು ಕರಿಬಸಮ್ಮ ಕೊನೆಗೆ.

"ತೊಟ್ಲು ಅಟ್ಟದ ಮ್ಯಾಲೇ ಐತಲ್ಲ, ನಮ್ಮ ಜಗದಾಂಬ ಮಲಗಿದ್ದು. ಅದನ್ನ ಈ ಯಂತ್ರದಾಗೆ ಉಜ್ಜಿದ್ರೆ ಹೊಸದೇ ಆಗೋಯ್ತದೆ."

"ಅಟ್ಟದ ಮ್ಯಾಲಿರೋ ತೊಟ್ಲು ಇಳಿಸಾಕೆ ಬೆಂಗಳೂರಿಗೆ ಹೋಗಿದ್ರಿ ಅನ್ನಿ."

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ ಅದು. ಬೆಂಗಳೂರಿನ ದಂಡಿನಲ್ಲಿ ಸೈನ್ಯದವರು ತಮಗೆ ಬೇಡವಾದ ಸಾಮಾನನ್ನೆಲ್ಲ ರಾಶಿ ಹಾಕಿ ಮಾರುತ್ತಿದ್ದರು. ಬೂಟು, ಬಕೆಟ್ಟು, ಡೇರೆಗಳ ನಡುವೆ ಶಂಕರಲಿಂಗಪ್ಪನವರ ಕಣ್ಣಿಗೆ ಬಿದ್ದದ್ದು ಮರ ಉಜ್ಜುವ ಈ ವಿದ್ಯುತ್ ಯಂತ್ರ. ಪಿಂಚಣಿ ಶುರುವಾದಾಗಿನಿಂದ ಅವರಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. (ಕಚೇರಿಯಲ್ಲಿ ಅಷ್ಟು ವರ್ಷ ಕೂತದ್ದೇ ಕೆಲಸವಾಗಿತ್ತು, ಆ ಬಾಕಿಯೆಲ್ಲ ಈಗ ಕಾಲಿಗೆ ಬಂದಿತ್ತು.) ಗೋಡೆ ಗಡಿಯಾರ ಬಿಚ್ಚಿ ಜೋಡಿಸಿದ್ದರು, ಅದು ನಿಂತಿತ್ತು. ಬಾವಿಯ ರಾಟೆ ಬಿಚ್ಚಿ ಜೋಡಿಸಿದ್ದರು, ಅದು ನಿಲ್ಲುತ್ತಲೇ ಇರಲಿಲ್ಲ. ಇನ್ನೇನು ಬಿಚ್ಚಲಿ ಎಂದು ಮನೆಯೆಲ್ಲ ಓಡಾಡುತ್ತಿದ್ದ ಕೈಗಳಿಗೆ ಈ ಯಂತ್ರ ಸಿಕ್ಕಿತು.

ನಡುಮನೆಯ ಬಲ್ಬು ತೆಗೆದು ಆ ಹೋಲ್ಡರಿಗೇ ತಂತಿ ಸಿಕ್ಕಿಸಿದರು. ಯಂತ್ರ ಗುರ್ರೆಂದಿತು. ಹಿತ್ತಲಿನ ಎಮ್ಮೆ ಹಗ್ಗ ಕಿತ್ತುಕೊಂಡು ಹೋಯಿತು. ಮಧ್ಯಾಹ್ನದ ಹೊತ್ತಿಗೆ ತೊಟ್ಟಿಲು ಮಾತ್ರ ಬೆಣ್ಣೆಯಂತೆ ನುಣುಪಾಗಿ ನಿಂತಿತ್ತು. ಕರಿಬಸಮ್ಮ ಕೈಯಾಡಿಸಿ ನೋಡಿ, "ಪರವಾಗಿಲ್ಲ" ಎಂದರು. ಅವರ ಬಾಯಲ್ಲಿ ಅದು ದೊಡ್ಡ ಬಿರುದು. ಅಲ್ಲಿಗೆ ನಿಲ್ಲಿಸಿದ್ದರೆ ಮುಂದಿನದೇನೂ ಆಗುತ್ತಿರಲಿಲ್ಲ.

ಆದರೆ ಸೋಮವಾರ ಮೊಮ್ಮಗನ ನಾಮಕರಣ. ಪಾವಗಡದಿಂದ ಬೀಗರು ಬರುವವರಿದ್ದರು. ಬೀಗರ ಮುಂದೆ ಶಂಕರಲಿಂಗಪ್ಪನವರದು ಒಂದು ಹಳೆಯ ಬಾಕಿಯಿತ್ತು. ಮಗಳು ಜಗದಾಂಬಳ ಮದುವೆಯ ಊಟದಲ್ಲಿ ಬೀಗ ನಾಗಲಿಂಗಯ್ಯನವರು ಕೈ ತೊಳೆಯಲು ಎದ್ದಾಗ, ಅವರು ಕೂತಿದ್ದ ಮಣೆಯ ಅಂಚಿನ ಸಿಬಿರಿಗೆ ರೇಷ್ಮೆ ಪಂಚೆ ಸಿಕ್ಕಿ, ಪರ್ರನೆ ಹರಿದಿತ್ತು. ನಾಗಲಿಂಗಯ್ಯನವರು ಏನೂ ಅನ್ನಲಿಲ್ಲ. ಆಮೇಲೆ ಮೂರು ವರ್ಷದಿಂದ ಪಾವಗಡದ ಕಡೆ ಸಿಕ್ಕಸಿಕ್ಕವರಿಗೆಲ್ಲ ಅನ್ನುತ್ತಲೇ ಇದ್ದರು.

ಆ ಮಣೆ ಎದುರುಮನೆ ಕಮಲಾಕ್ಷಮ್ಮನವರದು. ಆ ಬೀದಿಯಲ್ಲಿ ಯಾರ ಮನೆಯಲ್ಲಿ ಪಂಕ್ತಿ ಊಟವಾದರೂ ಎಲ್ಲ ಮನೆಯ ಮಣೆಗಳೂ ಬರುತ್ತವೆ. ಊಟವಾದ ಮೇಲೆ ಅದೇ ಮಧ್ಯಾಹ್ನ ವಾಪಸು ಹೋಗುತ್ತವೆ. ಗುರುತಿಗೆಂದು ಪ್ರತಿಯೊಂದು ಮಣೆಗೂ ಕಾದ ಕಬ್ಬಿಣದಲ್ಲಿ ಒಂದು ಮುದ್ರೆ ಸುಟ್ಟಿರುತ್ತಾರೆ, ಅದೂ ಮೇಲ್ಗಡೆಯ ಮೂಲೆಯಲ್ಲಿ. (ಅಡಿಯಲ್ಲಿ ಸುಟ್ಟರೆ, ಕೂತವರಿಗೆ ಇದು ಯಾರ ಮನೆಯ ಮಣೆಯೆಂದು ಗೊತ್ತಾಗುವುದು ಹೇಗೆ?) ಕಮಲಾಕ್ಷಮ್ಮನವರ ಮುದ್ರೆ ಗಿಣಿ. ಶಂಕರಲಿಂಗಪ್ಪನವರ ಮನೆಯದು ತ್ರಿಶೂಲ. ಅವರ ಎಂಟು ಮಣೆಗಳಲ್ಲಿ ಒಂದು ಅವರ ತಂದೆ ಕೂತು ಉಂಡ ಹಲಸಿನ ಮಣೆ. ಅದರ ಮೇಲೆ ಕೂತರೆ ಮಾತ್ರ ಶಂಕರಲಿಂಗಪ್ಪನವರು ಒಂದು ಊಟದಷ್ಟು ಹೊತ್ತು ಅಲುಗದೆ ಇರುತ್ತಿದ್ದರು.

ಈ ಸಲ ಕಮಲಾಕ್ಷಮ್ಮ ಮಣೆ ಕೊಡುವಾಗ ಬಾಗಿಲಲ್ಲೇ ಅಡ್ಡ ನಿಂತಿದ್ದರು.

"ನಿಮ್ಮ ಯಜಮಾನ್ರು ಏನೋ ಯಂತ್ರ ತಂದವ್ರಂತೆ. ನಮ್ಮ ಮಣೆ ಹೆಂಗೆ ಹೋಯ್ತದೋ ಹಂಗೇ ಬರ್ಬೇಕು ಕಣಮ್ಮ."

"ಒಂದು ಗೀರು ಬಿದ್ರೂ ನಮ್ಮನೆ ಮಣೇಲಿ ನಿಮಗೆ ಯಾವ್ದು ಬೇಕೋ ಅದನ್ನ ತಗಂಡೋಗ್ರಿ. ನನ್ನ ಮಾತು," ಎಂದು ಕರಿಬಸಮ್ಮ ಹೇಳಿ ಬಂದರು. ಬಂದವರು ಗಂಡನಿಗೂ ಹೇಳಿದರು, ಎರಡು ಸಲ.

ಶಂಕರಲಿಂಗಪ್ಪನವರು ಆ ಹೊತ್ತಿಗಾಗಲೇ ಇಪ್ಪತ್ತೆಂಟು ಮಣೆಗಳನ್ನೂ ಸಾಲಾಗಿ ನಿಲ್ಲಿಸಿ, ಪೆರೇಡು ನೋಡುವ ದಳವಾಯಿಯ ಹಾಗೆ ಓಡಾಡುತ್ತಿದ್ದರು. ಒಂದು ಸಿಬಿರೂ ಇರಕೂಡದು. ಬೀಗರ ಬಾಯಿ ಈ ಸೋಮವಾರ ಮುಚ್ಚಬೇಕು.

ಮನೆಯ ಮಣೆಗಳು ಮುಗಿಯುವಷ್ಟರಲ್ಲಿ ಯಂತ್ರ ಗೊರಗುಟ್ಟತೊಡಗಿತು. ಬಡಗಿ ಕೆಂಪಯ್ಯನನ್ನು ಕರೆಸಿದರು. ಅವನು ಯಂತ್ರವನ್ನು ಬೋರಲು ಹಾಕಿ ನೋಡಿದ. ತಿರುಗುವ ಕಬ್ಬಿಣದ ತಟ್ಟೆ. ಅದರ ಮೇಲೆ ರಬ್ಬರಿನ ಮೆತ್ತೆ. ಮೆತ್ತೆಯ ಮೇಲೆ ಮರ ಉಜ್ಜುವ ಒರಟು ಉಪ್ಪುಕಾಗದ. ರಬ್ಬರು ಒಂದು ಕಡೆ ದೋಸೆಯಷ್ಟು ತೆಳ್ಳಗಾಗಿತ್ತು.

"ಕಾಗ್ದ ಸವೆದ್ರೆ ಚಿಂತಿಲ್ಲ ಸ್ವಾಮಿ, ಕೆಲ್ಸ ನಿಧಾನ ಆಯ್ತದೆ ಅಷ್ಟೆ. ಮೆತ್ತೆ ಸವೆದ್ರೆ ಮಾತ್ರ ಕೈ ಎತ್ಬುಡಿ. ತಟ್ಟೆ ಅಂಚು ಮರಕ್ಕೆ ತಾಕ್ತದೆ. ಅದು ಉಜ್ಜಾಕಿಲ್ಲ, ಕಚ್ತದೆ. ಎರಡು ಮಣೆಗೊಂದ್ಸಲ ತಿರುಗಿಸಿ ನೋಡ್ರಿ. ಇನ್ನೊಂದು, ಒತ್ಬ್ಯಾಡಿ. ಯಂತ್ರದ ಭಾರವೇ ಸಾಕು."

"ಹೊಸ ಮೆತ್ತೆಗೆ ಏನು ಮಾಡೋದಯ್ಯ? ದಂಡಿಗೆ ಹೋಗಿ ಬರೋಷ್ಟರಾಗೆ ಮಗೀಗೆ ಮೀಸೆ ಬರ್ತದೆ."

"ಕಂಬಳಿ ಐತಲ್ಲ ಸ್ವಾಮಿ. ನಾಕು ಪದರ ಮಡಿಸಿ, ಹುಣಿಸೆಬೀಜದ ಅಂಟು ಹಾಕಿ, ಒಣಗಿಸಿ, ಗುಂಡುಗೆ ಕತ್ತರಿಸ್ಕಳಿ. ರಬ್ಬರಿಗಿಂತ ಮೇಲು."

ಹಾಗೆಯೇ ಆಯಿತು. ಮೊದಲು ಕೊಟ್ಟಿಗೆಯ ಕಂಬಳಿ ಹೋಯಿತು, ನಾಲ್ಕು ಮೆತ್ತೆ. ಆಮೇಲೆ ಶಂಕರಲಿಂಗಪ್ಪನವರು ಹೊದೆಯುವ ಕಂಬಳಿ ಹೋಯಿತು, ಅದರಿಂದ ಐದು. ಒಂದು ಮೆತ್ತೆಗೆ ಹನ್ನೆರಡು ಮಣೆಯಾದರೂ ಆಗಬೇಕಿತ್ತು, ಎರಡು ಮೂರಕ್ಕೇ ಸವೆದುಹೋಗುತ್ತಿತ್ತು. ಏಕೆಂದರೆ ಒತ್ತದೆ ಇರುವುದು ಅವರಿಂದ ಸಾಧ್ಯವಿರಲಿಲ್ಲ. ನಿಧಾನವಾಗಿ ಆಗುವ ಕೆಲಸವನ್ನು ನೋಡುತ್ತ ನಿಂತರೆ ಅವರಿಗೆ ಮೈಮೇಲೆ ಇರುವೆ ಹರಿದಂತಾಗುತ್ತಿತ್ತು. ಮೂಲೆಯ ಮುದ್ರೆಯೊಂದನ್ನು ಬಿಟ್ಟು, ಮೈಯ ಭಾರವನ್ನೆಲ್ಲ ಯಂತ್ರದ ಮೇಲೆ ಹಾಕಿ, ಹಲ್ಲು ಕಚ್ಚಿ ಒತ್ತುತ್ತಿದ್ದರು. ಮೈತುಂಬ ಮರದ ಹುಡಿ. ಗುರುತು ಸಿಗದೆ ಸೊಪ್ಪು ಮಾರುವ ಹನುಮಕ್ಕ "ಯಜಮಾನ್ರಿಲ್ವಾ?" ಎಂದು ಅವರನ್ನೇ ಕೇಳಿ ಹೋದಳು.

ಮೂರನೆಯ ಕಂಬಳಿಯೂ ಮನೆಯಲ್ಲಿತ್ತು. ಹುಲಿಕುಂಟೆಯಲ್ಲಿ ನೇಯಿಸಿದ್ದು, ಕರಿಬಸಮ್ಮನವರ ತಾಯಿ ಕೊಟ್ಟದ್ದು, ಬೇವಿನ ಸೊಪ್ಪಿನ ನಡುವೆ ಪೆಟ್ಟಿಗೆಯಲ್ಲಿ ಮಲಗಿತ್ತು. ಅದನ್ನು ಕೇಳಬೇಕು. ಕೇಳಿದರೆ ಕರಿಬಸಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡುತ್ತಾರೆ. ಶಂಕರಲಿಂಗಪ್ಪನವರು ಅಡುಗೆಮನೆಯ ಬಾಗಿಲಿಗೆ ಮೂರು ಸಲ ಹೋದರು, ಮೂರು ಸಲವೂ ನೀರು ಕುಡಿದು ಬಂದರು.

ಉಳಿದದ್ದು ಒಂದೇ ಮೆತ್ತೆ, ಅದೂ ಅರ್ಧ ಸವೆದದ್ದು. ಉಳಿದದ್ದು ಒಂದೇ ಮಣೆ, ಗಿಣಿಯದು. ಇಷ್ಟಕ್ಕೆ ಸಾಕಾದೀತು ಎಂದು ಒತ್ತಿದರು. ಯಂತ್ರ ಎಂದೂ ಇಲ್ಲದ ಚುರುಕಿನಿಂದ ಓಡಿತು. 'ಈಗ ಹದಕ್ಕೆ ಬಂತು ನೋಡು' ಎಂದುಕೊಂಡರು. ಹುಡಿ ಊದಿ ನೋಡಿದರೆ ಮಣೆಯ ಮೇಲೆ ಬಳೆ ಒತ್ತಿದಂತೆ ಏಳು ಗೀರು.

ಎದುರುಮನೆಯ ಬಾಗಿಲು ಕಣ್ಣಮುಂದೆ ಬಂತು, ಹೆಂಡತಿ ಕೊಟ್ಟ ಮಾತು ನೆನಪಾಯಿತು. ಮೆತ್ತೆ ಬೇಕು, ಈಗಲೇ ಬೇಕು. ಮನೆಯೆಲ್ಲ ತಿರುಗಿದ ಅವರ ಕಣ್ಣು ಗೂಟಕ್ಕೆ ತೂಗುಹಾಕಿದ್ದ ತಮ್ಮ ಕರಿಯ ಉಣ್ಣೆಯ ಕೋಟಿನ ಮೇಲೆ ನಿಂತಿತು. ಕಚೇರಿಗೆ ಹಾಕಿಕೊಂಡು ಹೋಗುತ್ತಿದ್ದ ಕೋಟು. ಕತ್ತರಿ ತಂದರು. ಬೆನ್ನಿನ ಭಾಗದಿಂದ ನಾಲ್ಕು ಗುಂಡು ತುಂಡು ತೆಗೆದರು, ದಪ್ಪ ಉಣ್ಣೆಯಾದ್ದರಿಂದ ಒಂದೊಂದೂ ಒಂದು ಮೆತ್ತೆಯಾಯಿತು. ಮುಂದಿನಿಂದ ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ, ಮೇಲೆ ಶಲ್ಯ ಹೊದ್ದರಾಯಿತು.

ಎರಡು ಮೆತ್ತೆ ಸವೆಯುವವರೆಗೆ ಉಜ್ಜಿದರೂ ಎರಡು ಗೀರು ಉಳಿದೇ ಉಳಿದವು. ಹೋದದ್ದು ಮೂಲೆಯ ಗಿಣಿ.

ಇಲ್ಲಿ ಅವರ ಕಚೇರಿಯ ಬುದ್ಧಿ ಎಚ್ಚರವಾಯಿತು. ಒಂದು ಕಡತ ಕಾಣೆಯಾದರೆ ಗುಮಾಸ್ತನ ತಪ್ಪು. ಎಲ್ಲ ಕಡತಗಳೂ ಕಾಣೆಯಾದರೆ ಗೆದ್ದಲಿನ ತಪ್ಪು. ಒಂದು ಮಣೆಗೆ ಮುದ್ರೆಯಿಲ್ಲದಿದ್ದರೆ ಅದು ಕಮಲಾಕ್ಷಮ್ಮನದೆಂದು ಕುರುಡನೂ ಹೇಳುತ್ತಾನೆ. ಯಾವುದಕ್ಕೂ ಇಲ್ಲದಿದ್ದರೆ? ಉಳಿದೆರಡು ಮೆತ್ತೆಯಲ್ಲಿ ಇಪ್ಪತ್ತೇಳು ಮುದ್ರೆಗಳನ್ನೂ ಉಜ್ಜಿ ಹಾಕಿದರು, ತಂದೆಯ ಮಣೆಯ ತ್ರಿಶೂಲವನ್ನೂ ಸೇರಿಸಿ. ಆಮೇಲೆ ಒಂದೊಂದು ಮಣೆಯ ಅಡಿಯಲ್ಲೂ ಸೀಮೆಸುಣ್ಣದಲ್ಲಿ ಯಾರದೆಂದು ಬರೆದರು. ತಮ್ಮ ಮನೆಯದೇ ಒಂದು ಒಳ್ಳೆಯ ಮಣೆಯ ಅಡಿಯಲ್ಲಿ 'ಕಮಲಾಕ್ಷಮ್ಮ' ಎಂದು ಬರೆದು, ಗೀರಿನ ಮಣೆಯನ್ನು ಸಾಲಿನ ತುದಿಗೆ ತಳ್ಳಿ, ಪಿಂಚಣಿಯ ನಂತರ ಮೊದಲನೆಯ ಸಲ ಒಂದು ಇಲಾಖೆಯನ್ನು ನಡೆಸಿದ ತೃಪ್ತಿಯಿಂದ ಸ್ನಾನಕ್ಕೆ ಹೋದರು.

ಸ್ನಾನ ಮುಗಿಸಿ ಬಂದಾಗ ಅಂಗಳದಲ್ಲಿ ಇಪ್ಪತ್ತೆಂಟು ಮಣೆಗಳೂ ಬಿಸಿಲಿಗೆ ಒಣಗುತ್ತಿದ್ದವು.

"ತೊಳ್ದೆ ಕಣ್ರೀ. ಅಡಿಯಾಗೆಲ್ಲ ಅದೇನೋ ಬೆಳ್ಳಗೆ ಹುಡಿ ಕೂತಿತ್ತು," ಎಂದರು ಕರಿಬಸಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ. "ಅಲ್ಲಾ, ಇವುಗಳ ಮುದ್ರೆ ಎಲ್ಲಿ?"

ಶಂಕರಲಿಂಗಪ್ಪನವರಿಗೆ ಮತ್ತೆ ಬಾಯಾರಿಕೆಯಾಯಿತು.

ಸೋಮವಾರ ಎಲ್ಲವೂ ಸುಸೂತ್ರವಾಗಿ ನಡೆಯಿತು. ಮಗು ಹೊಸ ತೊಟ್ಟಿಲಲ್ಲಿ (ಹಾಗೆಂದೇ ಎಲ್ಲರೂ ತಿಳಿದರು) ಕರಿಬಸಮ್ಮನವರ ಕಂಬಳಿಯ ಮೇಲೆ ಮಲಗಿ ಹೆಸರಿಡಿಸಿಕೊಂಡಿತು. ನಾಗಲಿಂಗಯ್ಯನವರು ಮಣೆಯ ಮೇಲೆ ಕೈಯಾಡಿಸಿ, ಅನುಮಾನದಿಂದ ಕೂತು, ಊಟ ಮುಗಿಸಿ, ಪಂಚೆಗೆ ಏನೂ ಆಗದೆ ಎದ್ದರು.

"ಚಾಲಾ ಬಾಗುಂದಿ ಬೀಗ್ರೇ. ಮಣೆ ಅಂದ್ರೆ ಅದ್ದಂ ಇದ್ದಂಗೈತೆ, ಮುಖ ಕಾಣ್ತದೆ," ಎಂದರು ತಮ್ಮ ಪಾವಗಡದ ತೆಲುಗು ಬೆರೆಸಿ.

ಈ ಮಾತಿಗಾಗಿ ಶಂಕರಲಿಂಗಪ್ಪನವರು ಮೂರು ವರ್ಷ ಕಾದಿದ್ದರು. ಆದರೆ ಹಿಗ್ಗಲು ಪುರಸೊತ್ತಿರಲಿಲ್ಲ. ಶಲ್ಯ ಜಾರದಂತೆ ಹಿಡಿದುಕೊಂಡು, ಗೋಡೆಗೆ ಬೆನ್ನು ಕೊಟ್ಟುಕೊಂಡೇ ಮನೆಯೆಲ್ಲ ಓಡಾಡುತ್ತಿದ್ದರು.

ಬೀಗರು ಜಗಲಿಯ ಮೇಲೆ ಎಲೆಯಡಿಕೆಗೆ ಕೂತಾಗ ಬೀದಿಯವರು ಮಣೆಗೆ ಬಂದರು. ಮುದ್ರೆಯಿಲ್ಲ ಎಂದರೆ ಯಾರಿಗೂ ಬೇಸರವಾಗಲಿಲ್ಲ. ಒಬ್ಬೊಬ್ಬರೂ ಅಗಲವಾದದ್ದನ್ನು, ದಪ್ಪವಾದದ್ದನ್ನು ನೋಡಿ "ಇದೇ ನಮ್ಮದು" ಎಂದು ಎತ್ತಿಕೊಂಡು ಹೋದರು. ಕಮಲಾಕ್ಷಮ್ಮ ಕೊನೆಗೆ ಬಂದರು. ಅವರು ಏನೂ ಎತ್ತಿಕೊಳ್ಳಲಿಲ್ಲ. ಉಳಿದಿದ್ದ ಮಣೆಗಳ ಮೇಲೆ ಒಂದೊಂದಾಗಿ ಕೂತು ಏಳತೊಡಗಿದರು. ತುದಿಯ ಮಣೆಯ ಮೇಲೆ ಕೂತು ಕಣ್ಣು ಮುಚ್ಚಿದರು.

"ಇದೇ. ಎಡಗಡೆ ಗಂಟು ಒತ್ತುತದೆ. ನಲವತ್ತು ವರ್ಷ ಕೂತಿವ್ನಿ, ಗಿಣಿ ನೋಡಿ ಗುರುತು ಹಿಡೀಬೇಕಾ?" ಎದ್ದು ಬಗ್ಗಿ ನೋಡಿದರು. "ಇದೇನಮ್ಮ ಕರಿಬಸಮ್ಮ, ಗೀರು?"

ಕರಿಬಸಮ್ಮ ಗಂಡನನ್ನು ನೋಡಿದರು. ಸೊಂಟದ ಮೇಲೆ ಕೈ ಇತ್ತು.

"ಮಾತು ಕೊಟ್ಟಿವ್ನಿ. ಯಾವ್ದು ಬೇಕೋ ತಗಂಡೋಗ್ರಿ," ಎಂದರು.

ಕಮಲಾಕ್ಷಮ್ಮನವರು ತಡಮಾಡದೆ ಆ ಹಲಸಿನ ಮಣೆಗೆ ಕೈಹಾಕಿದರು. ಅದು ಎಲ್ಲಕ್ಕಿಂತ ಚೆನ್ನಾಗಿ ಹೊಳೆಯುತ್ತಿತ್ತು. ಶಂಕರಲಿಂಗಪ್ಪನವರೇ ಹೊಳೆಯಿಸಿದ್ದು. ಅದು ಅಪ್ಪನದು ಎಂದು ಹೇಳಲು ಬಾಯಿ ತೆರೆದರು, ಅದಕ್ಕೆ ಸಾಕ್ಷಿಯಾಗಿ ಒಂದು ತ್ರಿಶೂಲವೂ ಇರಲಿಲ್ಲ. ಮುಚ್ಚಿದರು.

"ವಯಸ್ಸಾತು, ನನ್ ಕೈಲಿ ಹೊರಾಕಾಗಲ್ಲ. ನೀವೇ ತಂದ್ಕೊಡ್ರಿ," ಎಂದರು ಕಮಲಾಕ್ಷಮ್ಮ.

ಶಂಕರಲಿಂಗಪ್ಪನವರು ಮಣೆ ಎತ್ತಲು ಬಗ್ಗಿದರು. ಶಲ್ಯ ಜಾರಿತು. ಕೋಟಿನ ಬೆನ್ನಿನ ನಾಲ್ಕು ಗುಂಡು ಕಿಟಕಿಗಳಿಂದ ಬಿಳಿಯ ಅಂಗಿ ಇಣುಕಿತು.

ಮಣೆ ಕೊಟ್ಟು ವಾಪಸು ಬಂದಾಗ ಕರಿಬಸಮ್ಮ ಎಲೆ ಹಾಕಿ ಕಾಯುತ್ತಿದ್ದರು. ಮನೆಯವರ ಊಟ ಇನ್ನೂ ಆಗಿರಲಿಲ್ಲ.

"ಕೋಟು ಕತ್ತರಿಸೋ ಬದ್ಲು ಕಂಬಳಿ ಕೇಳಾಕೇನಾಗಿತ್ತು?"

"ಕೇಳಿದ್ರೆ ನೀನು ಸೊಂಟದ ಮ್ಯಾಲೆ ಕೈಯಿಟ್ಕಂಡು ನೋಡ್ತಿದ್ದೆ."

"ನೋಡ್ತಿದ್ದೆ. ನೋಡಿ ಕೊಡ್ತಿದ್ದೆ." ಅವರ ದನಿ ಸ್ವಲ್ಪ ಇಳಿಯಿತು. "ನಲವತ್ತು ವರ್ಷ ಆತು, ಅಷ್ಟೂ ಗೊತ್ತಾಗ್ಲಿಲ್ವಾ? ಕೂತ್ಕಳಿ, ಅನ್ನ ಆರ್ತದೆ."

ಶಂಕರಲಿಂಗಪ್ಪನವರು ಕೈಗೆ ಸಿಕ್ಕ ಮಣೆ, ಕಮಲಾಕ್ಷಮ್ಮ ಬಿಟ್ಟುಹೋದ ಗೀರಿನದೇ, ಎಳೆದುಕೊಂಡು ಕೂತರು. ಎಡಗಡೆ ಗಂಟು ಒತ್ತಿತು. ಮೈಯನ್ನು ಆ ಕಡೆ ಈ ಕಡೆ ಹೊರಳಿಸುತ್ತ, ಪಾಯಸದವರೆಗೆ ಹೇಗೋ ಬಂದು, ಕೈ ತೊಳೆಯಲು ಎದ್ದರು. ಮಣೆಯ ಮೇಲ್ಭಾಗವನ್ನು ಅಷ್ಟೊಂದು ಉಜ್ಜುವ ಭರದಲ್ಲಿ ಅವರು ಅದರ ಅಂಚಿನ ಸಿಬಿರನ್ನು ಮರೆತಿದ್ದರು.

ಪರ್ರ್.

ಜಗಲಿಯ ಮೇಲೆ ಮಾತು ನಿಂತಿತು. ಮಧುಗಿರಿಯಿಂದ ಪಾವಗಡದವರೆಗೆ ಆ ಸದ್ದನ್ನು ಬೀಗರಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ.

"ಏಮಂಡಿ ಬೀಗ್ರೇ," ನಾಗಲಿಂಗಯ್ಯನವರ ದನಿ ಕೇಳಿಸಿತು, "ಆ ಮಣೆ ಇನ್ನಾ ಐತಾ?"

ಶಂಕರಲಿಂಗಪ್ಪನವರು ಕೈ ತೊಳೆಯದೆ ಮತ್ತೆ ಅದೇ ಮಣೆಯ ಮೇಲೆ ಕೂತರು. ಬೀಗರ ಗಾಡಿ ಪಾವಗಡದ ಹಾದಿ ಹಿಡಿಯುವವರೆಗೂ, ಸಂಜೆ ದೀಪ ಹಚ್ಚುವವರೆಗೂ, ಅವರು ಅಲ್ಲಿಂದ ಅಲುಗಲಿಲ್ಲ.